ಶೇಷಪ್ಪನ ಗಡಿಯಾರವೂ ನನ್ನ ರಕ್ತವೂ

ಎಲ್ಲರೂ ಒಪ್ಪಿಕೊಂಡಿರುವ ಸಂಗತಿಯನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದು ಬಗೆಯ ಗುಮಾನಿ. ಇದು ಗುಣವೋ ದೋಷವೋ ಎಂಬುದನ್ನು ನನ್ನ ಬಲ್ಲವರು ಬಹಳ ಹಿಂದೆಯೇ ತೀರ್ಮಾನಿಸಿದ್ದಾರೆ. ಅವರೆಲ್ಲರೂ ಒಂದೇ ತೀರ್ಮಾನಕ್ಕೆ ಬಂದಿರುವುದರಿಂದ ಅದರ ಮೇಲೂ ನನಗೆ ಗುಮಾನಿಯಿದೆ. ಶಾಲೆಗೆ ಹೋದದ್ದು ನಾಲ್ಕನೆಯ ತರಗತಿಯವರೆಗೆ. ಮಿಕ್ಕದ್ದನ್ನೆಲ್ಲ ಸಾಗರದ ಪೇಟೆಯ ನನ್ನ ವಾಚ್ ರಿಪೇರಿ ಅಂಗಡಿಯಲ್ಲಿ, ಗಾಜಿನ ಪೆಟ್ಟಿಗೆಯ ಹಿಂದೆ ಕುಳಿತು, ವಾಚನಾಲಯದಿಂದ ತಂದ ಹರಕು ಪುಸ್ತಕಗಳಿಂದ ಕಲಿತೆ. ಗಡಿಯಾರ ರಿಪೇರಿ ಮಾಡುವವನಿಗೆ ಸಂಶಯವೇ ಬಂಡವಾಳ. "ನಾನೆಂತದೂ ಮಾಡ್ಲಿಲ್ಲ, ಅದರಷ್ಟಕ್ಕೇ ನಿಂತ್ಹೋಯ್ತು" ಎಂದು ಗಿರಾಕಿ ಹೇಳಿದ್ದನ್ನು ನಂಬಿ ಕುಳಿತರೆ, ಮುಳ್ಳಿನ ಕೆಳಗೆ ಒಣಗಿರುವ ಸಾರಿನ ಕಲೆ ಕಣ್ಣಿಗೆ ಬೀಳುವುದೇ ಇಲ್ಲ.

ಇಂಥವನ ಎದೆಯೊಳಗಿನ ಬಡಿತವೇ ಕ್ರಮ ತಪ್ಪಿದೆಯೆಂದು ಶಿವಮೊಗ್ಗದ ಡಾಕ್ಟರು ಹೇಳಿದಾಗ ನನಗಾದದ್ದು ಭಯವಲ್ಲ, ಅವಮಾನ. ಊರಿನ ಮುಕ್ಕಾಲು ಪಾಲು ಗಡಿಯಾರಗಳ ಬಡಿತವನ್ನು ಸರಿಪಡಿಸಿದವನು ನಾನು. ಬಡಿತ ತಪ್ಪಿದ ಎದೆಯಲ್ಲಿ ರಕ್ತ ಹೆಪ್ಪುಗಟ್ಟುವುದುಂಟೆಂದೂ, ಅದರ ಗರಣೆಯೊಂದು ತಲೆಗೆ ಹೋದರೆ ಕೈಕಾಲು ಬಿದ್ದುಹೋಗುವುದೆಂದೂ ವಿವರಿಸಿ, ಅವರು 'ರಕ್ತ ತೆಳು ಮಾಡುವ ಮಾತ್ರೆ' ಬರೆದುಕೊಟ್ಟರು. ತೆಳು ಮತ್ತು ದಪ್ಪದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗಡಿಯಾರದ ಎಣ್ಣೆಯಲ್ಲೇ ನನ್ನ ಆಯುಷ್ಯ ಕಳೆದಿದೆ. ಮಾತ್ರೆ ನುಂಗತೊಡಗಿ ತಿಂಗಳಾದ ಮೇಲೆ, ಬೆರಳಿಗೆ ಸೂಜಿ ಚುಚ್ಚಿಕೊಂಡು, ನನ್ನ ರಕ್ತದ ಒಂದು ಹನಿಯನ್ನೂ ಹೆಂಡತಿ ಜಾನಕಿಯದೊಂದು ಹನಿಯನ್ನೂ ಒಂದೇ ಗಾಜಿನ ಮೇಲಿಟ್ಟು ಓರೆ ಮಾಡಿ ನೋಡಿದೆ. ಎರಡೂ ಒಂದೇ ವೇಗದಲ್ಲಿ ಜಾರಿದವು. ಮಾತ್ರೆ ಯಾವುದನ್ನೂ ತೆಳು ಮಾಡಿಲ್ಲವೆಂದು ನಾನು ಘೋಷಿಸಿದೆ.

"ಅಲ್ಲ ಮಾರಾಯ್ರೇ," ಎಂದಳು ಜಾನಕಿ, ಬೆರಳನ್ನು ಸೆರಗಿನಲ್ಲಿ ಒತ್ತಿಕೊಂಡು. "ಚಳಿಗಾಲದಲ್ಲಿ ಹಾಲು ಹೆಪ್ಪಾಗೋದು ತಡ ಆಗ್ತದೆ. ಹಾಗಂತ ಹಾಲು ತೆಳು ಆಯ್ತು ಅಂತನಾ? ಗಟ್ಟಿ ಆಗೋದು ತಡ, ಅಷ್ಟೇಯ. ಇದಕ್ಕೆ ನನ್ನ ಬೆರಳು ಬೇರೆ ಬೇಕಿತ್ತು ನಿಮ್ಗೆ!"

ಅವಳು ಹೇಳಿದ್ದು ಸರಿಯಿತ್ತು. ಆದರೆ ಅಡುಗೆಮನೆಯಿಂದ ಬಂದ ವಿವರಣೆಯನ್ನು ಪರಿಶೀಲಿಸದೆ ಸ್ವೀಕರಿಸುವ ಪರಿಪಾಠ ನನ್ನಲ್ಲಿರಲಿಲ್ಲ. ಪರಿಶೀಲನೆ ಮುಗಿಯುವವರೆಗೆ ಮಾತ್ರೆ ನುಂಗುತ್ತಿರಲು ಒಪ್ಪಿದೆ.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನನಗೆ ಹರ್ನಿಯಾ ಬಂತು. ಬಲ ತೊಡೆಯ ಸಂದಿನಲ್ಲಿ ನಿಂಬೆಹಣ್ಣಿನಷ್ಟು ದಪ್ಪದ ಗಂಟು. ಕೆಮ್ಮಿದರೆ ಹೊರಗೆ ಬರುವುದು, ಮಲಗಿದರೆ ಒಳಗೆ ಹೋಗುವುದು. ಒಂದು ದಿನ ಹೊರಗೆ ಬಂದದ್ದು ಒಳಗೆ ಹೋಗದಿದ್ದರೆ ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಬರುತ್ತದೆ ಎಂಬುದನ್ನು ಎಲ್ಲರೂ ಹೇಳಿದರು; ಹಾಗಾಗಿ ನಾನು ಅದನ್ನು ಅರ್ಧ ಮಾತ್ರ ನಂಬಿದೆ. ಹೊಸನಗರದಲ್ಲಿ ಜಾನಕಿಯ ಅಣ್ಣ, ನಿವೃತ್ತ ಹೆಡ್ಮಾಸ್ತರು, ತೀರ್ಥಹಳ್ಳಿಯಲ್ಲಿ ಒಳ್ಳೆಯ ಸರ್ಜನ್ನರಿದ್ದಾರೆಂದು ಹೇಳಿ ಬಸ್ಸು ಹತ್ತಿಸಿದರು.

ಸರ್ಜನ್ನರು ಮಿತಭಾಷಿ. "ನೋಡಿ ರಾಯರೇ, ಮಾತ್ರೆಯ ಪ್ರಭಾವ ಇರುವಾಗ ಕತ್ತಿ ಇಟ್ಟರೆ ರಕ್ತ ನಿಲ್ಲೋದಿಲ್ಲ. ಬಹಳ ದಿನ ಮಾತ್ರೆ ಬಿಟ್ಟರೆ ಎದೆಯಲ್ಲಿ ಹೆಪ್ಪು ಕಟ್ಟತ್ತೆ. ನಡುವೆ ಒಂದು ಸಣ್ಣ ಬಾಗಿಲಿದೆ. ಅದರಲ್ಲೇ ಒಳಗೆ ಹೋಗಿ ಹೊರಗೆ ಬರಬೇಕು. ಬರುವ ಬುಧವಾರ ಆಪರೇಶನ್. ಗುರುವಾರದ್ದೇ ಕೊನೆಯ ಮಾತ್ರೆ. ಶುಕ್ರವಾರದಿಂದ ಮಂಗಳವಾರದವರೆಗೆ ಐದು ದಿನ ಮುಟ್ಟಬೇಡಿ. ಆಪರೇಶನ್ ಆದಮೇಲೆ ಯಾವಾಗ ಶುರು ಮಾಡಬೇಕು ಅಂತ ನಾನು ಹೇಳ್ತೀನಿ." ಅಷ್ಟು ಹೇಳಿ ನನ್ನನ್ನು ಲ್ಯಾಬಿಗೆ ಕಳಿಸಿದರು.

ಲ್ಯಾಬಿನಲ್ಲಿದ್ದವನು ಶೇಷಪ್ಪ, ನಲವತ್ತರ ಆಸುಪಾಸಿನ ನಗುಮುಖದ ಮನುಷ್ಯ. ನನ್ನ ತೋಳಿನಿಂದ ರಕ್ತ ತೆಗೆದು, ಆಮೇಲೆ ಸ್ವಂತ ತೋಳಿನಿಂದಲೂ ತೆಗೆದುಕೊಂಡ. ಬಿಸಿನೀರಿನಲ್ಲಿ ನಿಲ್ಲಿಸಿದ ಎರಡು ಗಾಜಿನ ಕೊಳವೆಗಳಿಗೆ ಅದೇನೋ ದ್ರಾವಣ ಹಾಕಿ, ಎಷ್ಟು ಸೆಕೆಂಡಿನಲ್ಲಿ ಹೆಪ್ಪುಗಟ್ಟುತ್ತದೆಂದು ಸ್ಟಾಪ್‌ವಾಚ್ ಹಿಡಿದು ನೋಡಿದ. "ನಿಮ್ಮದು ಇಪ್ಪತ್ತೆಂಟು ಸೆಕೆಂಡು, ನಾರ್ಮಲ್ ಹದಿನಾಲ್ಕು" ಎಂದ. ಯಾರ ನಾರ್ಮಲ್ ಎಂದು ಕೇಳಿದೆ. "ನಂದೇ ರಾಯ್ರೇ. ಆರೋಗ್ಯ ಇರೋರ ರಕ್ತ ಒಂದು ಬೇಕಲ್ಲ ಪಕ್ಕಕ್ಕೆ ಇಟ್ಟು ನೋಡ್ಲಿಕ್ಕೆ. ಬೇರೆ ಯಾರು ಕೊಡ್ತಾರೆ ಹೇಳಿ?" ಇವನು ನಾರ್ಮಲ್ ಎಂದು ನಿರ್ಧರಿಸಿದವರು ಯಾರು ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ನನ್ನ ಕಿವಿ ಬೇರೊಂದು ಕಡೆಗೆ ತಿರುಗಿತ್ತು. ಆ ಸ್ಟಾಪ್‌ವಾಚಿನ ಟಿಕ್‌ಟಿಕ್ ಸರಿಯಿರಲಿಲ್ಲ. ಅದು ಅವಸರಪಡುತ್ತಿತ್ತು.

ನನ್ನ ಜೇಬಿನ ಗಡಿಯಾರವನ್ನು ದಿನಾ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚಿನ ಪೀಂ ಪೀಂ ಸದ್ದಿಗೆ ಹೊಂದಿಸುವುದು ನನ್ನ ಸಂಧ್ಯಾವಂದನೆ. ಶೇಷಪ್ಪ ಚೀಟಿ ಬರೆಯುತ್ತಿದ್ದಾಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ನನ್ನದು ಒಂದು ನಿಮಿಷ ಮುಗಿಸುವಷ್ಟರಲ್ಲಿ ಅವನದು ಅರವತ್ತಾರು ಸೆಕೆಂಡು ತೋರಿಸಿತು. ನನ್ನದನ್ನು ಜೇಬಿಗಿಳಿಸಿ ಹೊರಟೆ. ಸತ್ಯ ಕೈಗೆ ಸಿಕ್ಕವನಿಗೆ ಅದನ್ನು ಬಸ್ಸಿನಲ್ಲಿ ಒಬ್ಬನೇ ಅನುಭವಿಸಬೇಕೆಂಬ ಆಸೆ ಸಹಜವಾದುದು.

ಹಿಂದಿರುಗುವಾಗ ಹೊಸನಗರದಲ್ಲಿ ಭಾವನ ಮನೆಯಲ್ಲಿ ಊಟ; ಜಾನಕಿ ಅಲ್ಲೇ ಉಳಿದಿದ್ದಳು. ಭಾವ ಒಂದು ಕಥೆ ಹೇಳಿದರು. ಮಾಸ್ತಿಕಟ್ಟೆಯಲ್ಲಿ ಅಣೆಕಟ್ಟಿನ ಕೆಲಸಕ್ಕಿದ್ದ ಒಬ್ಬ ಮೇಸ್ತ್ರಿ ಇದೇ ಮಾತ್ರೆ ನುಂಗುತ್ತಿದ್ದನಂತೆ, ಯಾರಿಗೂ ಹೇಳದೆ ಹಲ್ಲು ಕೀಳಿಸಿಕೊಂಡನಂತೆ, ಬಸ್ಸು ಹೊಸನಗರ ಮುಟ್ಟಿದರೂ ರಕ್ತ ನಿಂತಿರಲಿಲ್ಲವಂತೆ.

"ಯಾವ ಹಲ್ಲು?" ಎಂದೆ.

"ಯಾವ ಹಲ್ಲಾದ್ರೆ ಎಂತ ಭಾವ? ದವಡೆ ಹಲ್ಲು ಅಂತ ಇಟ್ಕೊಳ್ಳಿ."

"ಇಟ್ಕೊಳ್ಳಿ ಅಂದ್ರೆ ನೀವು ನೋಡಿಲ್ಲ. ಯಾರು ನೋಡಿದ್ದು?"

"ಕಂಡಕ್ಟರ್ ಹೇಳಿದ."

"ಅವತ್ತಿನ ಬಸ್ಸಿಗೆ ಅವನೇ ಕಂಡಕ್ಟರಾ?"

ಭಾವ ಜಾನಕಿಯ ಕಡೆಗೆ ತಿರುಗಿದರು. "ತಂಗೀ, ಇವ್ರಿಗೆ ಇನ್ನೊಂದು ಸೌಟು ತಂಬುಳಿ ಬಡ್ಸು. ಬಾಯಿ ತುಂಬಿರ್ಲಿ."

ಸೊಪ್ಪಿನ ತಂಬುಳಿಯನ್ನು ಅಳತೆ ಮೀರಿ ಬಡಿಸಬಾರದೆಂದು ಶಿವಮೊಗ್ಗದ ಡಾಕ್ಟರು ಹೇಳಿದ್ದರು; ಸೊಪ್ಪು ಹೆಚ್ಚಾದರೆ ಮಾತ್ರೆಯ ಕೆಲಸ ಕೆಡುತ್ತದಂತೆ. ಜಾನಕಿ ಅಣ್ಣನ ಮಾತು ಮೀರಿ ಸೌಟನ್ನು ಅರ್ಧಕ್ಕೇ ನಿಲ್ಲಿಸಿದಳು. ನಾನು ಸಂಶಯಿಸುತ್ತಿದ್ದ ಪ್ರತಿಯೊಂದು ನಿಯಮವನ್ನೂ ಅವಳು ನನ್ನ ಪರವಾಗಿ ಪಾಲಿಸುತ್ತ ಬಂದಿದ್ದಳು. ನಾನು ಬದುಕಿರುವುದಕ್ಕೆ ಅದೂ ಒಂದು ಕಾರಣವಿರಬಹುದು, ಪರಿಶೀಲಿಸಿಲ್ಲ.

ಅಂಗಡಿಗೆ ಮರಳಿ ಬಂದು ಕಾಗದ ಪೆನ್ಸಿಲ್ ಹಿಡಿದು ಕುಳಿತೆ. ಗಡಿಯಾರ ನಿಮಿಷಕ್ಕೆ ಆರು ಸೆಕೆಂಡು ಮುಂದೋಡುತ್ತದೆ. ಆದ್ದರಿಂದ ನನ್ನ ಇಪ್ಪತ್ತೆಂಟು ನಿಜವಾಗಿ ಇಪ್ಪತ್ತೈದೂವರೆ. ಅಂದರೆ ನಾನು ನಾರ್ಮಲ್ಲಿಗೆ ಸರ್ಜನ್ನರು ತಿಳಿದದ್ದಕ್ಕಿಂತ ಎರಡೂವರೆ ಸೆಕೆಂಡು ಹತ್ತಿರದಲ್ಲಿದ್ದೇನೆ. ಇಪ್ಪತ್ತೆಂಟು ಇಳಿಯಲು ಐದು ದಿನ ಬೇಕಾದರೆ ಇಪ್ಪತ್ತೈದೂವರೆಗೆ, ನನ್ನ ಅಂದಾಜಿನಲ್ಲಿ, ಮೂರು ದಿನ ಸಾಕು. ಮಿಕ್ಕ ಎರಡು ದಿನ ಸುಮ್ಮನೆ ಮಾತ್ರೆ ಬಿಟ್ಟು ಗರಣೆಗೆ ಆಹ್ವಾನ ಕೊಡುವುದು ಯಾವ ಜಾಣತನ? ಲೆಕ್ಕ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಇನ್ನೊಬ್ಬರಿಗೆ ತೋರಿಸಬೇಕೆಂದು ನನಗೆ ಅನಿಸಲೇ ಇಲ್ಲ. ಜಾನಕಿಗೆ ಹೇಳದೆ ಶುಕ್ರವಾರದ ಮಾತ್ರೆಯನ್ನೂ ಶನಿವಾರದ ಮಾತ್ರೆಯನ್ನೂ ನುಂಗಿದೆ.

ಮಂಗಳವಾರ ತೀರ್ಥಹಳ್ಳಿಯಲ್ಲಿ ದಾಖಲಾದೆ. ಶೇಷಪ್ಪ ಪರೀಕ್ಷೆ ಮಾಡಿದ. ನನ್ನದು ಇಪ್ಪತ್ತೊಂದು, ಅವನದು ಅದೇ ಹದಿನಾಲ್ಕು. ಸರ್ಜನ್ನರು ಚೀಟಿಯನ್ನು ಎರಡು ಸಲ ಓದಿದರು. ವ್ಯತ್ಯಾಸ ಎರಡು ಮೂರು ಸೆಕೆಂಡಿನೊಳಗೆ ಇಲ್ಲದಿದ್ದರೆ ತಾನು ಕತ್ತಿ ಮುಟ್ಟುವುದಿಲ್ಲವೆಂದರು. "ಐದು ದಿನ ಬಿಟ್ಟಿದ್ದೀರಾ?"

ನಾನು ಜೇಬಿನಿಂದ ಲೆಕ್ಕದ ಕಾಗದವನ್ನು ತೆಗೆದು ಅವರ ಮೇಜಿನ ಮೇಲೆ ಬಿಡಿಸಿಟ್ಟೆ. ಅವರು ಓದಿ ಶೇಷಪ್ಪನ ಕೈಗೆ ಕೊಟ್ಟರು. ಶೇಷಪ್ಪ ಓದುತ್ತ ತಲೆ ತುರಿಸಿಕೊಂಡ.

"ಗಡಿಯಾರ ಮುಂದೋಡ್ತದೆ, ಹೌದು ರಾಯ್ರೇ. ಒಪ್ದೆ. ಆದ್ರೆ ನಿಮ್ಮ ರಕ್ತಕ್ಕೆ ಮಾತ್ರ ಓಡ್ತದಾ? ನನ್ನ ರಕ್ತ ನೋಡಿದ್ದೂ ಅದೇ ಗಡಿಯಾರದಲ್ಲಲ್ವಾ? ನೀವು ನಿಮ್ಮದನ್ನ ಇಳಿಸಿ, ನಂದನ್ನ ಹಾಗೇ ಬಿಟ್ಟಿದ್ದೀರಿ. ನಿಮ್ಮದು ನನ್ನ ಎರಡರಷ್ಟಿತ್ತು. ಗಡಿಯಾರ ಹೇಗೇ ಓಡ್ಲಿ, ಎರಡರಷ್ಟೇ ಅಲ್ವಾ?"

ನಲವತ್ತು ವರ್ಷ ಗಡಿಯಾರ ಬಿಚ್ಚಿದವನಿಗೆ ಇದು ಹೊಳೆಯಲಿಲ್ಲ. ಅಥವಾ ಅದಕ್ಕಾಗಿಯೇ ಹೊಳೆಯಲಿಲ್ಲ. ತಪ್ಪು ತೋರಿಸುವ ಗಡಿಯಾರವೂ ಪ್ರಯೋಜನಕ್ಕೆ ಬರಬಹುದೆಂಬ ವಿಚಾರ ನನ್ನ ವೃತ್ತಿಗೇ ವಿರುದ್ಧವಾದದ್ದು. ಆಪರೇಶನ್ ಶುಕ್ರವಾರಕ್ಕೆ ಹೋಯಿತು. ಕದ್ದ ಎರಡು ದಿನಗಳನ್ನು ಆಸ್ಪತ್ರೆಯ ಮಂಚದ ಮೇಲೆ ಮಲಗಿ ಹಿಂದಿರುಗಿಸಬೇಕಾಯಿತು.

ಬುಧವಾರ ಬೆಳಿಗ್ಗೆ ಕಾಫಿ ನೆತ್ತಿಗೆ ಹತ್ತಿ ಕೆಮ್ಮಿದೆ. ಗಂಟು ಹೊರಗೆ ಬಂತು. ಮಲಗಿದೆ, ಹೋಗಲಿಲ್ಲ. ಕಾಲು ಮಡಿಸಿದೆ, ಹೋಗಲಿಲ್ಲ. ಅದು ಕಲ್ಲಿನ ಹಾಗೆ ಬಿಗಿಯಾಗಿ, ನೋವು ಹೊಟ್ಟೆಯವರೆಗೆ ಏರಿತು. ಜಾನಕಿ ಓಡಿಹೋಗಿ ಸರ್ಜನ್ನರನ್ನು ಕರೆತಂದಳು. ಅವರು ಅರ್ಧ ಗಂಟೆ ಮೆಲ್ಲಗೆ ಒತ್ತುತ್ತ ಕುಳಿತರು. ಕೊನೆಗೆ ಗಂಟು ಒಳಗೆ ಸರಿದಾಗ, ಅವರ ಹಣೆಯಲ್ಲೂ ನನ್ನಷ್ಟೇ ಬೆವರಿತ್ತು. "ಹೋಗದೇ ಇದ್ದಿದ್ದರೆ ಈ ರಕ್ತದಲ್ಲೇ ನಿಮ್ಮನ್ನು ಕೊಯ್ಯಬೇಕಾಗಿತ್ತು. ಹೇಳಿದ ಹಾಗೆ ಮಾತ್ರೆ ಬಿಟ್ಟಿದ್ದರೆ ಇವತ್ತೇ ಆಪರೇಶನ್ ಮುಗಿದುಹೋಗ್ತಿತ್ತು" ಎಂದಷ್ಟೇ ಹೇಳಿ ಹೋದರು. ಎಲ್ಲರೂ ಹೇಳಿದ್ದ ಮಾತಿನ ಉಳಿದ ಅರ್ಧವನ್ನು ನಾನು ಆಗ ನಂಬಿದೆ. ಜಾನಕಿ ನನ್ನ ಚೀಲದಿಂದ ಮಾತ್ರೆಯ ಡಬ್ಬಿಯನ್ನು ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಅವಳು ಬೈದಿದ್ದರೆ ಉತ್ತರ ಸಿದ್ಧವಿತ್ತು.

ಸುಮ್ಮನೆ ಮಲಗಿರಲಾರದೆ ಮಧ್ಯಾಹ್ನ ಶೇಷಪ್ಪನನ್ನು ಕರೆಸಿ ಆ ಸ್ಟಾಪ್‌ವಾಚ್ ಕೇಳಿದೆ. ಚಿಮುಟ, ಕಣ್ಣಿಗೆ ಸಿಕ್ಕಿಸುವ ಗಾಜು ಯಾವಾಗಲೂ ನನ್ನ ಚೀಲದಲ್ಲಿರುತ್ತವೆ. ದಿಂಬಿನ ಮೇಲೆ ಬಿಳಿಯ ಬಟ್ಟೆ ಹಾಸಿ ಮುಚ್ಚಳ ಬಿಚ್ಚಿದೆ. ಒಳಗಿನ ಕೂದಲೆಳೆಯ ಸ್ಪ್ರಿಂಗಿನ ಸುರುಳಿಗಳು ಎಣ್ಣೆಯಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು. ಹಾಗೆ ಅಂಟಿದರೆ ಸ್ಪ್ರಿಂಗ್ ಗಿಡ್ಡವಾದಂತೆ, ಗಡಿಯಾರ ಓಡತೊಡಗುತ್ತದೆ.

"ಇದಕ್ಕೆ ಎಣ್ಣೆ ಹಾಕಿದ್ದು ಯಾರು?"

"ನಾನೇ. ಸ್ವಲ್ಪ ಹಿಡಿದ ಹಾಗೆ ಆಗ್ತಿತ್ತು. ತೆಂಗಿನೆಣ್ಣೆ, ಚಲೋದು, ಮನೇದೇ."

"ತಲೆಗೆ ಹಾಕ್ಕೋ ಅದನ್ನ. ಗಡಿಯಾರಕ್ಕಲ್ಲ."

ಶೇಷಪ್ಪ ಆಸ್ಪತ್ರೆಯ ಡ್ರೈವರನ ಹತ್ತಿರ ಒಂದು ಬಟ್ಟಲು ಪೆಟ್ರೋಲು ಬೇಡಿ ತಂದ. ಸ್ಪ್ರಿಂಗನ್ನು ಅದ್ದಿ, ಒಣಗಿಸಿ, ಜೋಡಿಸಿ, ನನ್ನ ಗಡಿಯಾರದ ಪಕ್ಕದಲ್ಲಿಟ್ಟು ಮೂರು ಸಲ ನೋಡಿದೆ. ಅರವತ್ತಕ್ಕೆ ಅರವತ್ತು. ಆ ವಾರದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಆದ್ದರಿಂದ ಸರ್ಜನ್ನರಿಗೂ ನರ್ಸಮ್ಮನಿಗೂ ಪಕ್ಕದ ಮಂಚದವರಿಗೂ ಒಂದೊಂದಾಗಿ ತಿಳಿಸಿದೆ. ಈ ಆಸ್ಪತ್ರೆಯಲ್ಲಿ ಇನ್ನು ಮುಂದೆ ಯಾರೂ ಈ ಗಡಿಯಾರವನ್ನು ಸಂಶಯಿಸಬೇಕಾಗಿಲ್ಲವೆಂದು ಜಾನಕಿಗೆ ಎರಡು ಸಲ ಹೇಳಿದೆ.

ಗುರುವಾರ ಬೆಳಿಗ್ಗೆ ಶೇಷಪ್ಪ ಕಣ್ಣು ಕೆಂಪಗೆ ಮಾಡಿಕೊಂಡು, ಮಫ್ಲರ್ ಸುತ್ತಿಕೊಂಡು ಬಂದ. ಜ್ವರ. "ನನ್ನ ರಕ್ತ ಇವತ್ತು ನಾರ್ಮಲ್ಲಿಗೆ ಆಗೋದಿಲ್ಲ" ಎಂದು ಸುತ್ತಲೂ ನೋಡಿ, "ಅಮ್ಮಾ, ನಿಮ್ಮದು ಸ್ವಲ್ಪ ಕೊಡ್ತೀರಾ? ಔಷಧಿ ಎಂತದೂ ತಗೊಳ್ಳೋದಿಲ್ವಲ್ಲ?" ಎಂದ. ಜಾನಕಿ ತೋಳು ಚಾಚಿದಳು. ಅವಳದು ಹದಿಮೂರು ಸೆಕೆಂಡು. ನನ್ನದು ಹದಿನೈದು. ಸರ್ಜನ್ನರು ಆ ಎರಡು ಸೆಕೆಂಡನ್ನು ಒಪ್ಪಿಕೊಂಡರು. ಶುಕ್ರವಾರ ಕೊಯ್ದರು, ಹೊಲಿದರು. ಸುರಿಯಬಾರದ ರಕ್ತ ಸುರಿಯಲಿಲ್ಲ.

ಇನ್ನು ಸರ್ಜನ್ನರು ಹೇಳಿದ್ದ ಆ ಸಣ್ಣ ಬಾಗಿಲಿನಿಂದ ಹೊರಗೆ ಬರುವ ಕೆಲಸ. ಶನಿವಾರ ಸಂಜೆ ಸರ್ಜನ್ನರು ಗಾಯ ನೋಡಿ, ಮಾತ್ರೆ ಮತ್ತೆ ಶುರುವಾಗಲಿ, ಮೊದಲಿನಷ್ಟೇ, ಇವತ್ತಿನಿಂದಲೇ ಎಂದು ಹೇಳಿ ಹೋದರು. ಹೊಲಿಗೆ ಇನ್ನೂ ಹಸಿಯಾಗಿತ್ತು. ಅದರ ಸುತ್ತ ಸ್ವಲ್ಪ ನೀಲಿ ಬಣ್ಣ ಕಾಣುತ್ತಿತ್ತು. ಒಂದು ದಿನ ತಡೆದರೆ ಹೇಗೆ ಎಂಬ ವಿಚಾರ ನನ್ನ ತಲೆಯಲ್ಲಿ ಹುಟ್ಟಿತು. ನಾನು ಕಾಗದ ಪೆನ್ಸಿಲ್ ಕೇಳಿದೆ. ಜಾನಕಿ ನೀರಿನ ಲೋಟವನ್ನೂ ಮಾತ್ರೆಯನ್ನೂ ತಂದಳು.

"ಮತ್ತೆಂತ ಲೆಕ್ಕ? ಶೇಷಪ್ಪನ ಪುಸ್ತಕದಲ್ಲಿ ಎಂತ ಬರೆದಿದೆ ಗೊತ್ತುಂಟಾ? ನಾರ್ಮಲ್ಲು ನಾನು. ಹದಿಮೂರು. ನೀವು ಎಷ್ಟು ಸರಿ ಇದ್ದೀರಿ ಅಂತ ನೋಡಿದ್ದು ನನ್ನ ಪಕ್ಕದಲ್ಲಿಟ್ಟು. ಬಾಯಿ ತೆಗೀರಿ."

ಆ ಅಂಕಿಯನ್ನು ಅಷ್ಟಾಗಿ ನಂಬಬೇಕಾಗಿಲ್ಲ, ಆ ಗಡಿಯಾರ ಸರಿಯಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅದನ್ನು ಸರಿಪಡಿಸಿದವನು ನಾನೇ ಎಂಬುದು ಅಷ್ಟರಲ್ಲಿ ನೆನಪಾಯಿತು. ತೆರೆದ ಬಾಯಿಗೆ ಬೇರೆ ಉಪಯೋಗ ಕಾಣದೆ ಮಾತ್ರೆಯನ್ನು ನುಂಗಿದೆ.