ಈರುಳ್ಳಿ ಸಾರಿನ ಹನ್ನೊಂದನೆಯ ನಿಮಿಷ

ಜಗತ್ತಿನ ಸಮಸ್ತ ಅಡುಗೆಮನೆಗಳ ಮೇಲೆ ಮಿಲಿಗ್ರಾಂ ಸಾಹೇಬರಿಗೆ ಇದ್ದ ದೂರು ಒಂದೇ. ಅಲ್ಲಿ ಯಾರೂ ಏನನ್ನೂ ಅಳೆಯುವುದಿಲ್ಲ.

ನಗರದ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಶಾಲೆಯಲ್ಲಿ ಅವರದು ಇಪ್ಪತ್ತಾರು ವರ್ಷದ ಸೇವೆ. ಒಂದು ಲೀಟರ್ ನೀರಿನಲ್ಲಿ ಸುಣ್ಣ ಎಷ್ಟು ಮಿಲಿಗ್ರಾಂ, ಕಬ್ಬಿಣ ಎಷ್ಟು ಮಿಲಿಗ್ರಾಂ ಎಂದು ಬರೆದೂ ಬರೆದೂ ಸಹೋದ್ಯೋಗಿಗಳ ಬಾಯಲ್ಲಿ ಅವರ ಹೆಸರೇ ಮಿಲಿಗ್ರಾಂ ಎಂದಾಗಿತ್ತು. ಅವರಿಗೆ ಅದರಲ್ಲಿ ಬೇಸರವಿರಲಿಲ್ಲ. (ಪಕ್ಕದ ಮೇಜಿನವರನ್ನು ʻಕೊಳಚೆʼ ಎಂದು ಕರೆಯುತ್ತಿದ್ದರು. ಅದಕ್ಕೆ ಹೋಲಿಸಿದರೆ ಮಿಲಿಗ್ರಾಂ ಒಂದು ಬಿರುದು.)

ಅವರ ಹೆಂಡತಿ ಹೊಲಿಗೆ ಟೀಚರ್. ಶಾಲೆಯಲ್ಲಿ ಬಟ್ಟೆಯನ್ನು ಕಾಲಂಗುಲದ ಲೆಕ್ಕದಲ್ಲಿ ಕತ್ತರಿಸುವ ಆಕೆ ಮನೆಯಲ್ಲಿ ಉಪ್ಪನ್ನು ಕಿಟಕಿಯ ಕಡೆ ನೋಡುತ್ತಾ ಹಾಕುತ್ತಿದ್ದಳು.

“ಬಟ್ಟೆ ಅಷ್ಟು ಅಳೀತೀಯ, ಉಪ್ಪು ಯಾಕೆ ಅಳೆಯಲ್ಲ?” ಎಂದು ಸಾಹೇಬರು ಒಮ್ಮೆ ಕೇಳಿದ್ದರು.

“ಬಟ್ಟೇನ ನಾಲಿಗೆ ಮೇಲಿಟ್ಟು ರುಚಿ ನೋಡಕ್ಕಾಗಲ್ವಲ್ಲ ರೀ.”

ಇದಕ್ಕೆ ಉತ್ತರ ಹುಡುಕುವುದರಲ್ಲಿ ಸಾಹೇಬರಿಗೆ ಹತ್ತು ವರ್ಷ ಕಳೆದಿತ್ತು. ಉತ್ತರ ಸಿಗುವ ಮೊದಲೇ ಆಕೆಯ ಬಲಗೈ ಮುರಿಯಿತು. ಸಾಹೇಬರ ಮಳೆ ಕೋಟು ಕಾಣಿಸುತ್ತಿಲ್ಲವೆಂದು ಸ್ಟೂಲ್ ಹತ್ತಿ ಅಟ್ಟದ ಮೇಲೆ ಹುಡುಕುತ್ತಿದ್ದಾಗ ಕಾಲು ಜಾರಿ ಬಿದ್ದಳು. ಸ್ಟೂಲಿನ ಎತ್ತರ ನಲವತ್ತೈದು ಸೆಂಟಿಮೀಟರ್. ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್.

ಇಷ್ಟೇ ಆಗಿದ್ದರೆ ಹೋಟೆಲಿನ ಕ್ಯಾರಿಯರ್ ತರಿಸಿಕೊಂಡು ದಿನ ದೂಡಬಹುದಿತ್ತು. ಆದರೆ ಅದೇ ಹೊತ್ತಿಗೆ ಸಾಹೇಬರ ಅಮ್ಮ ಹದಿನೈದು ದಿನದ ಜ್ವರ ಮುಗಿಸಿ ಎದ್ದು ಕೂತಿದ್ದರು. ಜ್ವರ ಹೋಗುವಾಗ ಹಸಿವನ್ನೂ ಕರೆದುಕೊಂಡು ಹೋಗಿತ್ತು. ಏನು ಕೊಟ್ಟರೂ ಎರಡು ಚಮಚ, ಆಮೇಲೆ ಸಾಕು. ಡಾಕ್ಟರು ತೂಕ ನೋಡಿದರು, ತಲೆಯಾಡಿಸಿದರು. “ಭಾನುವಾರದೊಳಗೆ ಊಟ ಸೇರಬೇಕು. ಇಲ್ಲದಿದ್ರೆ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕ್ಬೇಕಾಗುತ್ತೆ. ಅವರಿಗೇನು ಇಷ್ಟವೋ ಅದನ್ನೇ ಕೊಡಿ.”

“ಏನಮ್ಮಾ ಬೇಕು ನಿನಗೆ?” ಎಂದರು ಸಾಹೇಬರು.

“ಇವಳು ಮಾಡೋ ಈರುಳ್ಳಿ ಸಾರು,” ಎಂದರು ಅಮ್ಮ.

ಹೊಲಿಗೆ ಟೀಚರ್ ತನ್ನ ಪ್ಲಾಸ್ಟರಿನತ್ತ ನೋಡಿದಳು. ಸಾಹೇಬರು ಮೀಸೆ ಸವರಿಕೊಂಡರು. ಹತ್ತು ವರ್ಷದಿಂದ ಕಾಯುತ್ತಿದ್ದ ಗಳಿಗೆ ಬಂದಿತ್ತು.

“ನಾನು ಮಾಡ್ತೀನಿ. ನೀನು ಹೇಳ್ತಾ ಹೋಗು, ನಾನು ಅಳೀತಾ ಹೋಗ್ತೀನಿ. ಒಂದು ಸಲ ಕಾಗದದ ಮೇಲೆ ಬಂದ್ರೆ ಮುಗೀತು, ಯಾರು ಮಾಡಿದ್ರೂ ಅದೇ ರುಚಿ.”

“ಯಾರು ಮಾಡಿದ್ರೂನಾ?” ಎಂದಳು ಹೆಂಡತಿ.

“ವಿಜ್ಞಾನ ಅಂದ್ರೆ ಅದೇ ಕಣೇ.”

ಹದಿನೈದು ದಿನ ರಜೆ ಹಾಕಿದರು. ಗ್ರಾಂ ತೋರಿಸುವ ತಕ್ಕಡಿ, ಗೆರೆ ಎಳೆದ ಗಾಜಿನ ಲೋಟ, ಗಡಿಯಾರ, ಇನ್ನೂರು ಪುಟದ ನೋಟ್‌ಬುಕ್ಕು ಅಡುಗೆಮನೆಗೆ ಬಂದವು. ಸಾರಿನ ಸಾಮಗ್ರಿ ಬಡವರದು: ಈರುಳ್ಳಿ, ಒಂದು ಆಲೂಗಡ್ಡೆ, ಬೆಳ್ಳುಳ್ಳಿ, ಮೆಣಸು, ಉಪ್ಪು, ಎಣ್ಣೆ, ನೀರು. ತೊಡಕು ಬಂದದ್ದು ಉಪ್ಪಿನಲ್ಲಿ.

“ಎರಡು ಚಿಟಿಕೆ,” ಎಂದಳು ಹೆಂಡತಿ.

“ಚಿಟಿಕೆ ಅಂದ್ರೆ ಎಷ್ಟು?”

“ಚಿಟಿಕೆ ಅಂದ್ರೆ ಚಿಟಿಕೆ.”

ಸಾಹೇಬರು ಆಕೆಯಿಂದ ತಕ್ಕಡಿಯ ಮೇಲೆ ಹತ್ತು ಸಲ ಚಿಟಿಕೆ ಹಾಕಿಸಿ, ಸರಾಸರಿ ತೆಗೆದು, ಅಡಿಗೆರೆ ಎಳೆದು ಬರೆದರು. ಬರೆದಾದ ಮೇಲೆ ಆಕೆ ಹೇಳಿದಳು: “ಇದು ಎಡಗೈ ಚಿಟಿಕೆ ಕಣ್ರೀ. ನಾನು ಹಾಕೋದು ಬಲಗೈಲಿ.”

ಸೋಮವಾರದ ಸಾರು ಅಮ್ಮನ ಮುಂದೆ ಬಂತು. ಎರಡು ಚಮಚ ಕುಡಿದರು. “ನೀರು ಚೆನ್ನಾಗಿದೆ ಮಗಾ,” ಎಂದರು. “ನೀನು ಅದೇ ಇಲಾಖೆಯವನಲ್ವಾ.”

ಮಂಗಳವಾರ ನೀರು ಮಾತ್ರ ಕಡಿಮೆ ಮಾಡಿದರು. (ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಪ್ರಯೋಗದ ಮೊದಲ ನಿಯಮ.) ಅಮ್ಮ ಎರಡು ಚಮಚ ಕುಡಿದು, “ಚೆನ್ನಾಗಿದೆ. ಯಾರಿಗೆ ಹುಷಾರಿಲ್ವೋ ಅವರಿಗೆ ಕೊಡು,” ಎಂದರು. ಬುಧವಾರ ಈರುಳ್ಳಿಯನ್ನು ಹೆಚ್ಚುವುದರಲ್ಲಿ ಬದಲಾವಣೆ: ಪ್ರತಿ ಎಸಳೂ ಮೂರು ಮಿಲಿಮೀಟರ್ ದಪ್ಪ. ಎಳೆಗೆಂಪು ಬಣ್ಣಕ್ಕೆ ಬರುವವರೆಗೆ ಕ್ಷಣವೂ ಕೈ ನಿಲ್ಲಿಸದೆ ಮಗುಚಿದರು. ಒಂದೇ ಒಂದು ಎಸಳಾದರೂ ಪಾತ್ರೆಯ ತಳಕ್ಕೆ ಅಂಟಲು ಬಿಡಲಿಲ್ಲ. ಅಮ್ಮ ಬಟ್ಟಲನ್ನು ನೋಡಿದರು, ಮಗನ ಕೆಂಪಾದ ಕಣ್ಣು ನೋಡಿದರು, ಮೂರನೆಯ ಚಮಚವನ್ನೂ ಕುಡಿದರು. ಅದು ರುಚಿಗಲ್ಲ, ದಾಕ್ಷಿಣ್ಯಕ್ಕೆ ಎಂದು ಸಾಹೇಬರಿಗೆ ಗೊತ್ತಾಯಿತು. ಅಂದು ಸಂಜೆ ಅಮ್ಮನ ಕೈ ಹಿಡಿದು ಎಬ್ಬಿಸುವಾಗ ಬಳೆ ಮೊಣಕೈವರೆಗೂ ಜಾರಿತು. ಅದನ್ನು ಅಳೆಯುವ ಮನಸ್ಸು ಅವರಿಗೆ ಬರಲಿಲ್ಲ.

“ಆ ಸಾರೇ ಯಾಕೆ ಬೇಕು ಅತ್ತೆ?” ಎಂದು ಹೆಂಡತಿ ಕೇಳಿದಳು.

“ನೀನು ಈ ಮನೆಗೆ ಬಂದ ಮೊದಲನೇ ವಾರ ಮಾಡಿದ್ದೆ. ಇವನು ಕೆಲಸಕ್ಕೆ ಸೇರಿದ ದಿನ. ನಿಮ್ಮ ಮಾವ ಆಯಸ್ಸಲ್ಲಿ ಯಾವ ಅಡುಗೇನೂ ಹೊಗಳಿದವರಲ್ಲ. ಅವತ್ತು ಮಾತಾಡದೆ ಮೂರು ಸಲ ಬಟ್ಟಲು ಮುಂದೆ ಮಾಡಿದ್ರು.” ಅಮ್ಮ ಜಾರಿದ ಬಳೆಯನ್ನು ಮಣಿಕಟ್ಟಿಗೆ ಎಳೆದುಕೊಂಡರು. “ನಾಲಿಗೆಗೆ ಬೇರೆ ಏನೂ ನೆನಪಿಲ್ಲ ಮಗಳೇ. ಅದೊಂದಿದೆ.”

ಗುರುವಾರ ಹೊಲಿಗೆ ಟೀಚರೇ ಸೆರಗು ಕಟ್ಟಿ ಒಲೆಯ ಮುಂದೆ ನಿಂತಳು. ಹೆಚ್ಚಿ ಕೊಡುವುದು, ಎತ್ತಿ ಇಳಿಸುವುದು ಸಾಹೇಬರ ಪಾಲು. ಮಗುಚುವುದು ಆಕೆಯ ಎಡಗೈಯ ಪಾಲು. ಸಾಹೇಬರು ಬೆನ್ನ ಹಿಂದೆ ಗಡಿಯಾರ ಹಿಡಿದು ನಿಂತು ಆಕೆಯ ಒಂದೊಂದು ಚಲನೆಯನ್ನೂ ಬರೆದುಕೊಂಡರು. ʻನಾಲ್ಕನೇ ನಿಮಿಷ: ಮೂಗು ಒರೆಸಿಕೊಂಡಳು.ʼ

“ಅದನ್ನೂ ಬರೀಬೇಕಾ?”

“ಯಾವುದು ಮುಖ್ಯ ಅಂತ ಈಗಲೇ ಹೇಳಕ್ಕಾಗಲ್ಲ.”

ಸಾರು ಅಮ್ಮನ ಮುಂದೆ ಹೋಯಿತು. ಎರಡು ಚಮಚ. ಅಮ್ಮ ಸೊಸೆಯ ಮುಖ ನೋಡಲಾರದೆ ಗೋಡೆ ನೋಡಿದರು.

ಹೆಂಡತಿ ತಾನೂ ಒಂದು ಚಮಚ ಕುಡಿದಳು. ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟಳು. “ನನ್ನ ಕೈರುಚಿ ಹೋಯ್ತು ರೀ,” ಎಂದಳು. “ಮೂಳೆ ಜೊತೆ ಅದೂ ಮುರೀತು ಅಂತ ಕಾಣುತ್ತೆ.”

ಸಾಹೇಬರು ನೋಟ್‌ಬುಕ್ಕು ತೆರೆದು ಬರೆದರು: ʻಸಾಮಗ್ರಿ ಸರಿ. ಅಡುಗೆಯವರೂ ಸರಿ. ಫಲಿತಾಂಶ ತಪ್ಪು.ʼ ಇಂಥ ವಾಕ್ಯವನ್ನು ಇಪ್ಪತ್ತಾರು ವರ್ಷದಲ್ಲಿ ಅವರು ಒಮ್ಮೆಯೂ ಬರೆದಿರಲಿಲ್ಲ. ಬರೆದು ಹೆಂಡತಿಯ ಕಡೆ ನೋಡಿದಾಗ ಆಕೆ ಪ್ಲಾಸ್ಟರಿಗೆ ಅಂಟಿದ್ದ ಈರುಳ್ಳಿ ಸಿಪ್ಪೆಯನ್ನು ಒಂದೊಂದಾಗಿ ಕೀಳುತ್ತಿದ್ದಳು. ಅಷ್ಟು ದಿನದಲ್ಲಿ ಮೊದಲ ಸಲ ಅವರಿಗೆ ಆಕೆಯ ಕೈ ಗೆದ್ದು ತಾವೇ ಸೋಲಬೇಕಿತ್ತು ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಐದನೆಯ ಪ್ರಯೋಗ. ಸಾಹೇಬರೊಬ್ಬರೇ ಒಲೆಯ ಮುಂದೆ. ಈರುಳ್ಳಿ ಬಿದ್ದು ಹನ್ನೊಂದನೆಯ ನಿಮಿಷ ನಡೆಯುತ್ತಿತ್ತು. ಒಳಕೋಣೆಯಿಂದ ಅಮ್ಮನ ದನಿ ಬಂತು.

“ಮಗಾ, ನನ್ನ ಕನ್ನಡಕ ಎಲ್ಲೋ?”

“ಒಲೆ ಮೇಲಿದೆ ಅಮ್ಮಾ.”

“ಕನ್ನಡಕಾನಾ?”

“ಈರುಳ್ಳಿ. ಈಗ ಬಿಟ್ಟು ಬರಕ್ಕಾಗಲ್ಲ, ಎರಡು ನಿಮಿಷ ತಡಿ.”

“ತಡೆಯಕ್ಕಾಗಲ್ಲ. ಈಗಲೇ ಬಾ.”

ಕಾಯಿಲೆಯ ತಾಯಿ. ಸಾಹೇಬರು ಸೌಟು ಬಿಟ್ಟು ಓಡಿದರು. ದಿಂಬಿನ ಕೆಳಗೆ ನೋಡಿದರು. ಔಷಧಿಯ ಡಬ್ಬದಲ್ಲಿ, ಕಿಟಕಿಯ ಅಂಚಿನಲ್ಲಿ, ಮಡಿಚಿಟ್ಟ ಸೀರೆಗಳ ನಡುವೆ ನೋಡಿದರು. ಮಂಚದ ಕೆಳಗೆ ತಲೆ ತೂರಿಸಿ ನೋಡಿದರು. ಹೊರಬಂದು ಮೊಣಕಾಲು ಕೊಡವಿಕೊಂಡು ತಲೆ ಎತ್ತಿದಾಗ ಅಮ್ಮ ಕನ್ನಡಕದೊಳಗಿಂದ ಅವರನ್ನೇ ನೋಡುತ್ತಿದ್ದರು.

“ಅಮ್ಮಾ, ಮೂಗಿನ ಮೇಲೇ ಇದೆಯಲ್ಲ.”

“ಹೌದಾ? ಸರಿ, ಹೋಗು.”

ಅಷ್ಟರಲ್ಲಿ ವಾಸನೆ ಬಂತು. ಸಾಹೇಬರು ಅಡುಗೆಮನೆ ಸೇರುವ ಹೊತ್ತಿಗೆ ತಳ ಹಿಡಿದು, ಈರುಳ್ಳಿ ಎಳೆಗೆಂಪನ್ನು ದಾಟಿ ಕಡುಗಂದು ಮುಟ್ಟಿ ಕಪ್ಪಿನ ಅಂಚಿಗೆ ಬಂದಿತ್ತು. ಗೆರೆ ಎಳೆದ ಲೋಟ ಕೈಗೆ ಸಿಗಲಿಲ್ಲ. ಸಿಕ್ಕಿದ ತಂಬಿಗೆಯಿಂದ ಅಂದಾಜಿಗೆ ನೀರು ಸುರಿದರು (ಜೀವನದಲ್ಲೇ ಮೊದಲ ಅಂದಾಜು). ಚುರ್ರೆಂದು ಆವಿ ಎದ್ದಿತು. ಸೌಟಿನಿಂದ ತಳ ಕೆರೆದು ಕೆರೆದು ಬಿಡಿಸಿದರು. ಉಳಿದದ್ದನ್ನೆಲ್ಲ ಹಾಕಿ ಕುದಿಸಿದರು. ಉಪ್ಪು ಹಾಕುವಾಗ ಕಿಟಕಿಯ ಕಡೆ ನೋಡುತ್ತಿದ್ದರೆಂದು ನೋಟ್‌ಬುಕ್ಕಿನಲ್ಲಿಲ್ಲ, ನೋಟ್‌ಬುಕ್ಕು ಆಗ ಒದ್ದೆಯಾಗಿತ್ತು.

“ಸೀದುಹೋಯ್ತಮ್ಮ, ಇವತ್ತು ಕ್ಯಾರಿಯರ್ ತರಿಸ್ತೀನಿ,” ಎಂದು ತಲೆ ತಗ್ಗಿಸಿ ಬಟ್ಟಲಿಟ್ಟರು.

ಅಮ್ಮ ಒಂದು ಚಮಚ ಕುಡಿದರು. ಎರಡು. ಮೂರು. ಆಮೇಲೆ ಚಮಚ ಪಕ್ಕಕ್ಕಿಟ್ಟು ಬಟ್ಟಲನ್ನೇ ಎತ್ತಿದರು. ಖಾಲಿ ಮಾಡಿ ಮಾತಾಡದೆ ಮುಂದೆ ಚಾಚಿದರು. ಇನ್ನೊಮ್ಮೆ ಚಾಚಿದರು.

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಂದು ಪಾತ್ರೆಯಿಂದ ಒಂದು ಚಮಚ ಕುಡಿದಳು. “ಅದೇ,” ಎಂದಳು. “ಏನ್ರೀ ಮಾಡಿದ್ರಿ?”

“ಏನೂ ಇಲ್ಲ. ಸೀಯಿಸಿಬಿಟ್ಟೆ.”

ಅಮ್ಮ ತುಟಿ ಒರೆಸಿಕೊಂಡರು. “ಈ ಕೋಣೇಲಿ ಕೂತು ಇಪ್ಪತ್ತಾರು ವರ್ಷದಿಂದ ಕೇಳಿಸ್ಕೊಂಡಿದೀನಿ. ಮೊದಲು ಈರುಳ್ಳಿ ಚುರ್ ಅನ್ನುತ್ತೆ. ಸ್ವಲ್ಪ ಹೊತ್ತಿಗೆ ಇವನು ʻಏ, ನನ್ನ ಬೀಗದ ಕೈ ಎಲ್ಲಿʼ ಅಂತ ಕೂಗ್ತಾನೆ. ಇವಳು ಸೌಟು ಬಿಟ್ಟು ಓಡ್ತಾಳೆ. ಆಮೇಲೆ ಸೀದ ವಾಸನೆ. ಆಮೇಲೆ ದಬದಬ ನೀರು. ಆಮೇಲೆ ಊಟ. ರಾತ್ರಿ ಹೊಳೀತು, ಈ ವಾರ ಎಲ್ಲಾ ಆಯ್ತು, ಕೂಗೋದೊಂದು ಆಗ್ಲಿಲ್ಲ. ಇವನು ರಜಾ ಹಾಕಿ ಒಲೆ ಮುಂದೇನೇ ನಿಂತಿದಾನೆ, ಇನ್ನು ಯಾರು ಕೂಗ್ತಾರೆ? ಅದಕ್ಕೇ ನಾನು ಕೂಗಿದೆ.”

ಹೊಲಿಗೆ ಟೀಚರ್ ನೆಲದ ಮೇಲೆ ಕೂತು ನಕ್ಕಳು. ಪ್ಲಾಸ್ಟರ್ ಹಾಕಿದ ಕೈಯಿಂದಲೇ ಕಣ್ಣೊರೆಸಿಕೊಂಡಳು. “ಸೀದಿದ್ದು ಗೊತ್ತಾಗ್ಬಾರದು ಅಂತ ನೀರು ಹಾಕಿ ಕೆರೀತಿದ್ದೆ ಅತ್ತೆ. ಮೊದಲನೇ ದಿನಾನೂ ಅಷ್ಟೇ. ಇವರ ಎಡಗಾಲಿನ ಬೂಟು ಸಿಗ್ತಿರ್ಲಿಲ್ಲ. ಮಾವ ಮೂರನೇ ಸಲ ಬಟ್ಟಲು ಚಾಚಿದಾಗ, ಹೊಸ ಸೊಸೆ ನೊಂದ್ಕೋಬಾರದು ಅಂತ ಕುಡೀತಿದಾರೆ ಅಂದ್ಕೊಂಡಿದ್ದೆ.”

“ಅವರಿಗೆ ಅಂಥ ಒಳ್ಳೆ ಬುದ್ಧಿ ಎಲ್ಲಿತ್ತು?” ಎಂದರು ಅಮ್ಮ, ಮೆತ್ತಗೆ.

ಸಾಹೇಬರು ಹೊರಗೆ ಹೋಗಿ ನೋಟ್‌ಬುಕ್ಕು ಒಣಗಿಸಿಕೊಂಡು, ಒಂದು ಹಾಳೆ ಕಿತ್ತು ಲೆಕ್ಕ ಹಾಕಿದರು. ವರ್ಷಕ್ಕೆ ನೂರೈವತ್ತು ಸಲ, ಸಲಕ್ಕೆ ಮೂರು ನಿಮಿಷ, ಇಪ್ಪತ್ತಾರು ವರ್ಷ. ಒಳಗೆ ಬಂದು ಹೆಂಡತಿಯ ಪಕ್ಕ ನೆಲದ ಮೇಲೆ ಕೂತರು.

“ನೂರ ತೊಂಬತ್ತೈದು ಗಂಟೆ. ಅಂದ್ರೆ ಎಂಟು ದಿನ ಮೂರು ಗಂಟೆ ನೀನು ನನ್ನ ಸಾಮಾನು ಹುಡುಕಿದೀಯ. ಊಟ ಇಲ್ಲದೆ, ನಿದ್ದೆ ಇಲ್ಲದೆ ಎಂಟು ದಿನ. ಇಷ್ಟು ದಿನ ನಾನು ಅದನ್ನ ಯಾವತ್ತೂ…” ಮುಂದಿನ ಪದಕ್ಕೆ ಅವರ ಬಳಿ ಅಳತೆಯಿರಲಿಲ್ಲ.

ಹೆಂಡತಿ ಕಾಗದ ತೆಗೆದುಕೊಂಡು ನೋಡಿದಳು. “ಕಾಲುಚೀಲ ಸೇರಿಸಿಲ್ಲ ನೀವು,” ಎಂದಳು. ಆದರೆ ಕಾಗದವನ್ನು ಹರಿಯಲಿಲ್ಲ. ಮಡಿಚಿ ಸೂಜಿಗಳ ಡಬ್ಬಿಯಲ್ಲಿಟ್ಟುಕೊಂಡಳು.

ಭಾನುವಾರ ಡಾಕ್ಟರು ಬಂದು ತೂಕ ನೋಡಿ ಆಸ್ಪತ್ರೆಯ ಮಾತೆತ್ತಲಿಲ್ಲ. ಆರು ವಾರ ಕಳೆದು ಪ್ಲಾಸ್ಟರ್ ಬಿಚ್ಚಿದರು. ಅಷ್ಟರಲ್ಲಿ ಸಾಹೇಬರು ಪ್ರಾಯಶ್ಚಿತ್ತವಾಗಿ ಬಾಗಿಲ ಪಕ್ಕ ಒಂದು ಹಲಗೆ ಹೊಡೆದು, ಒಂಬತ್ತು ಕೊಕ್ಕೆ ಸಿಕ್ಕಿಸಿ, ಪ್ರತಿ ಕೊಕ್ಕೆಯ ಕೆಳಗೂ ಚೀಟಿ ಅಂಟಿಸಿದ್ದರು: ಬೀಗದ ಕೈ, ಛತ್ರಿ, ಮಳೆ ಕೋಟು, ಗುರುತಿನ ಚೀಟಿ… ಇನ್ನು ಜನ್ಮದಲ್ಲಿ ಹೆಂಡತಿಯನ್ನು ಕೂಗುವುದಿಲ್ಲವೆಂದು ಅವರ ಪಣ.

ಆಕೆ ಮತ್ತೆ ಒಲೆ ಹಚ್ಚಿದ ಮೊದಲ ದಿನ ಈರುಳ್ಳಿ ಚುರ್ ಎಂದಿತು. ಸಾಹೇಬರು ಹಜಾರದಲ್ಲಿ ಬೂಟು ಹಾಕಿಕೊಂಡು, ಎಲ್ಲ ಕೊಕ್ಕೆಗಳನ್ನೂ ಒಮ್ಮೆ ನೋಡಿ, ಹೆಮ್ಮೆಯಿಂದ ಸುಮ್ಮನೆ ಕೂತರು. ಏಳು ನಿಮಿಷ. ಎಂಟು.

“ಯಾಕೋ ಸುಮ್ಮನಿದೀಯ?” ಎಂದರು ಅಮ್ಮ ಒಳಗಿಂದ.

“ಎಲ್ಲಾ ಸಿಕ್ಕಿದೆ ಅಮ್ಮಾ.”

“ನನ್ನ ಸಾರಿನ ಗತಿ ಏನು? ಕೂಗೋ.”

ಕಳೆಯದ ವಸ್ತುವಿಗಾಗಿ ಕೂಗುವುದು ಸುಳ್ಳು ವರದಿ ಬರೆದಂತೆ. ಸಾಹೇಬರು ಒಂದು ಕ್ಷಣ ಯೋಚಿಸಿ, ಬೀಗದ ಕೈಯನ್ನು ಕೊಕ್ಕೆಯಿಂದ ತೆಗೆದು, ಕಣ್ಣು ಮುಚ್ಚಿಕೊಂಡು ಮನೆಯೊಳಗೆ ಎರಡು ಸುತ್ತು ಹಾಕಿ, ಕೈಗೆಟುಕಿದ ಒಂದು ಜಾಗದಲ್ಲಿ ಬಿಟ್ಟು ಬಂದರು. ಹನ್ನೊಂದನೆಯ ನಿಮಿಷಕ್ಕೆ ಸರಿಯಾಗಿ, ಪ್ರಾಮಾಣಿಕವಾಗಿ ಕೂಗಿದರು.

“ಏ, ನನ್ನ ಬೀಗದ ಕೈ ಎಲ್ಲಿ?”

ಹೆಂಡತಿ ಸೌಟು ಬಿಟ್ಟು ಬಂದಳು. ಬರುವಾಗ ನಗುತ್ತಿದ್ದಳು.

ಸಾರು ಅದ್ಭುತವಾಗಿತ್ತು. ಅಮ್ಮ ಮೂರು ಸಲ ಬಟ್ಟಲು ಚಾಚಿದರು. ಬೀಗದ ಕೈ ಸಿಕ್ಕಿದ್ದು ಮೂರು ದಿನದ ಮೇಲೆ, ಈರುಳ್ಳಿ ಬುಟ್ಟಿಯ ತಳದಲ್ಲಿ. ಸಿಕ್ಕಿದ್ದು ಹೆಂಡತಿಗೆ.