ಮಕ್ಕಳಿಗೆ ಎರೆಯುವ ಪಾಳಿ

ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಮಕ್ಕಳು ಸಣ್ಣವರಿದ್ದರೆ ಫಜೀತಿಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಹಾಲಿನವನಿಗಿಂತ ಮುಂಚೆ ಅದೇ ಬಂದು ಬಾಗಿಲು ತಟ್ಟುತ್ತದೆ. ನಾವು ಧಾರವಾಡದ ಕಡೆಯವರು, ಈಗ ಪುಣೆಯ ಕೋಥರೂಡದಲ್ಲಿದ್ದೇವೆ. ನನಗೆ ಭೋಸರಿಯ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ಹೆಂಡತಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಬಹಳ ದಿನದಿಂದ ಕೇಳುತ್ತಿದ್ದ ಬೆಳಗಿನ ಪಾಳಿ ಅವಳಿಗೆ ಈ ವರ್ಷ ಸಿಕ್ಕಿತು. ಸಿಕ್ಕಿದ್ದೇ ತಡ, ಒಂದನೇ ಕ್ಲಾಸಿನ ಮಗ, ಮೂರು ವರ್ಷದ ಮಗಳು, ಇಬ್ಬರ ಸ್ನಾನವೂ ನನ್ನ ಪಾಲಿಗೆ ಬಂತು. ಅಡಿಗೆ, ಡಬ್ಬಿ ಅವಳ ಪಾಲಿಗೆ.

ಸುದ್ದಿ ಕೇಳಿ ಧಾರವಾಡದಿಂದ ಅವ್ವ ಫೋನ್ ಮಾಡಿದಳು. "ಗಂಡಸು ಕೂತು ಮಕ್ಕಳಿಗೆ ಎರೀತಾನಂದ್ರ ಮಂದಿಗೆ ನಾ ಏನ ಹೇಳ್ಲಿ? ದೀಪಾವಳಿಗೆ ಬರ್ತೀನಿ. ಬಂದು ಅಕೀ ಪಾಳಿ ಬಿಡಸ್ತೀನಿ."

ಅವ್ವ ಅಂದದ್ದನ್ನು ಮಾಡುವವಳು. ಹಬ್ಬದ ತನಕ ನನ್ನ ಕೈಯಲ್ಲಿ ಏನೂ ಎಡವಟ್ಟಾಗದಿದ್ದರೆ ಸಾಕು ಎಂದು ಹೆಂಡತಿ ದೇವರಿಗೆ ದೀಪ ಹಚ್ಚತೊಡಗಿದಳು.

ಕಾಡಿಗೆ ಬೊಟ್ಟು

ಸ್ನಾನವಾದ ಮೇಲೆ ಮಗಳ ಗಲ್ಲಕ್ಕೆ ದೃಷ್ಟಿ ಬೊಟ್ಟು ಇಡುವುದು ಕ್ರಮ. ಒಂದು ದಿನ ಅವಳು ತನಗೂ ಇಡಲು ಬರುತ್ತದೆ ಎಂದು ಹಟ ಹಿಡಿದು ನನ್ನ ಗಲ್ಲಕ್ಕೆ ಇಟ್ಟಳು. ಒರೆಸಿಕೊಂಡರೆ ಅಳುತ್ತಾಳೆ, ಆಮೇಲೆ ನೋಡೋಣ ಎಂದುಕೊಂಡೆ. ಆಮೇಲೆ ಮರೆತೆ. ಹಾಗೇ ಬಸ್ಸು ಹತ್ತಿದೆ, ಹಾಗೇ ಕಾರ್ಖಾನೆಗೆ ಹೋದೆ. ಎಲ್ಲರೂ ನನ್ನ ಮುಖ ನೋಡಿ ನಗುತ್ತಿದ್ದರು. ಇವತ್ತು ಜನ ಪ್ರೀತಿಯಿಂದಿದ್ದಾರೆ ಎಂದು ನಾನೂ ನಕ್ಕೆ. ಚಹಾದ ಹೊತ್ತಿಗೆ ಸೂಪರ್‌ವೈಸರ್ ಹತ್ತಿರ ಬಂದು, ನಿನ್ನ ಕೆಲಸಕ್ಕೆ ಯಾರ ದೃಷ್ಟಿಯೂ ತಾಗುವುದಿಲ್ಲ, ಕಾಡಿಗೆ ಸುಮ್ಮನೆ ದಂಡ ಮಾಡಬೇಡ ಎಂದು ಮರಾಠಿಯಲ್ಲಿ ಹೇಳಿ ಹೋದರು.

ನೀರು ಹೋಯಿತು

ಇಬ್ಬರಿಗೂ ಮೈತುಂಬ ಸಾಬೂನು ಹಚ್ಚಿದ್ದೆ. ಆಗಲೇ ನಳ ಒಂದು ಸಲ ಗೊರಗುಟ್ಟಿ ನಿಂತಿತು. ನಮ್ಮ ಕಟ್ಟಡದಲ್ಲಿ ನೀರಿನ ಟಾಕಿ ತೊಳೆಯುತ್ತೇವೆಂದು ಹಿಂದಿನ ದಿನವೇ ತಿಳಿಸಿದ್ದರಂತೆ; ನಾನು ಓದಿರಲಿಲ್ಲ. ಇಬ್ಬರನ್ನೂ ಟವೆಲ್ಲಿನಲ್ಲಿ ಸುತ್ತಿ ಕೆಳಗಿನ ಮನೆಯ ಮರಾಠಿ ಅಜ್ಜಿಯ ಬಾಗಿಲಿಗೆ ಹೋದೆ. ಅಜ್ಜಿ ಮೊದಲೇ ನೀರು ತುಂಬಿಟ್ಟಿದ್ದರು. ಇಬ್ಬರಿಗೂ ಸ್ನಾನ ಮಾಡಿಸಿ, ಬಿಸಿ ಪೋಹೆ, ಅಂದರೆ ಒಗ್ಗರಣೆ ಅವಲಕ್ಕಿ, ತಿನ್ನಿಸಿ, ನನಗೆ ನಾಲ್ಕು ಮಾತು ಅಂದು ಕಳಿಸಿದರು. ಮರುದಿನದಿಂದ ಸಾಬೂನು ಹಚ್ಚಿದ ಕೂಡಲೇ ಮಗನ ಪ್ರಶ್ನೆ ಒಂದೇ: "ಅಪ್ಪಾ, ನೀರು ಹೋತೇನು, ಅಜ್ಜಿ ಕಡೆ ಪೋಹೆ ತಿನ್ನಾಕ ಹೋಗೂಣೇನು?" ಅದೇ ವಾರ ಒಂದು ಬೆಳಿಗ್ಗೆ ನೀರು ನಿಜವಾಗಿಯೂ ನಿಂತಿತು. ಹೋಗಿ ನೋಡಿದರೆ ಅವನು ಸ್ಟೂಲ್ ಹಾಕಿಕೊಂಡು ಬಚ್ಚಲ ಹೊರಗಿನ ನೀರಿನ ವಾಲ್ವ್ ತಿರುಗಿಸುತ್ತಿದ್ದ.

ಉಗುರು ಯಾರ ಖಾತೆ

ಸ್ನಾನ ನನ್ನದು, ಡಬ್ಬಿ ಅವಳದು ಎಂದು ಪಾಲು ಮಾಡುವಾಗ ಉಗುರಿನ ಮಾತು ಬಂದಿರಲಿಲ್ಲ. ನೀರಿನಲ್ಲಿ ನೆನೆದು ಮೆತ್ತಗಾಗುವ ಉಗುರು ಸ್ನಾನದ ಖಾತೆಗೆ ಸೇರಿದ್ದು ಎಂದು ಹೆಂಡತಿಯ ವಾದ. ಉಗುರಿನ ಹೊಲಸು ಊಟದ ಜೊತೆ ಹೊಟ್ಟೆಗೆ ಹೋಗುವುದರಿಂದ ಅದು ಅಡಿಗೆ ಖಾತೆ ಎಂದು ನನ್ನದು. ವಾದ ಮುಗಿಯುವಷ್ಟರಲ್ಲಿ ಉಗುರು ಬೆಳೆದು ಶಾಲೆಯಿಂದ ದೂರು ಬಂತು. ಕೊನೆಗೆ ಕೈ ಅವಳದು, ಕಾಲು ನನ್ನದು ಎಂದು ರಾಜಿಯಾಯಿತು. ಶಾಲೆಯಲ್ಲಿ ಕೈ ಮಾತ್ರ ನೋಡುತ್ತಾರೆ. ಹಾಗಾಗಿ ಶಾಬಾಸ್‌ಗಿರಿಯೆಲ್ಲ ಅವಳಿಗೆ, ಒದೆತವೆಲ್ಲ ನನಗೆ.

ಎರಡು ಪೊಟ್ಟಣ

ದೀಪಾವಳಿಗೆ ಅವ್ವ ಬಂದಳು. ಕೆಳಗಿನ ಅಜ್ಜಿ ನನ್ನ ಕೈಗೆ ಎರಡು ಪೊಟ್ಟಣ ಕೊಟ್ಟರು. ಒಂದು ಉಟಣೆ, ಅಂದರೆ ಹಬ್ಬದ ಸ್ನಾನಕ್ಕೆ ಮೈಗೆ ತಿಕ್ಕುವ ಸುವಾಸನೆಯ ಪುಡಿ. ಇನ್ನೊಂದು ಭಾಜಣಿ, ಥಾಲಿಪೀಠವೆಂಬ ಮಸಾಲೆ ರೊಟ್ಟಿ ತಟ್ಟುವ ಹುರಿದ ಹಿಟ್ಟು. ಎರಡೂ ಮಣ್ಣಿನ ಬಣ್ಣದವು, ನನಗೋ ಮೂಗು ಕಟ್ಟುವಷ್ಟು ನೆಗಡಿ. ಒಂದನ್ನು ಬಚ್ಚಲಲ್ಲಿಟ್ಟೆ, ಒಂದನ್ನು ಅಡಿಗೆಮನೆಯಲ್ಲಿ.

ಕಾರ್ಖಾನೆಗೆ ಹಬ್ಬದ ರಜೆ, ಆಸ್ಪತ್ರೆಗೆ ಹಬ್ಬವೆಲ್ಲಿ? ನಮಗೆಲ್ಲ ಎಣ್ಣೆ ಹಚ್ಚಿ ಆರತಿ ಮಾಡಿ ಹೆಂಡತಿ ಕೆಲಸಕ್ಕೆ ಹೋದಳು. ಅವ್ವ ಬಚ್ಚಲ ಬಾಗಿಲಲ್ಲಿ ನಿಂತು ನಾನು ಪುಡಿ ತಿಕ್ಕಿ ಎರೆಯುವುದನ್ನು ನೋಡಿದಳು. ತಿಕ್ಕುವುದು ಸಾಲದು, ನೀರು ಸುಡುತ್ತದೆ, ಗಂಡಸರಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದು ಅವಳ ಗೊಣಗಾಟ. ಮಗಳು ಮಾತ್ರ ಮೊಣಕೈ ನೆಕ್ಕಿ ಚಲೋ ಅದ ಅಂದಳು. ಹುಡುಗಿಯ ಮಾತೆಂದು ಇಬ್ಬರೂ ಬಿಟ್ಟೆವು.

ಸೊಸೆ ಮನೆಗೆ ಬರುವ ಹೊತ್ತಿಗೆ ಅವ್ವ ತಾನೇ ಥಾಲಿಪೀಠ ಮಾಡಿಟ್ಟಿದ್ದಳು. ಹೊಟ್ಟೆ ತುಂಬಿದವರ ಮುಂದೆ ಪಾಳಿ ಬಿಡುವ ಮಾತು ತೆಗೆದರೆ ಬೇಗ ಒಪ್ಪುತ್ತಾರೆ ಎಂಬುದು ಅವಳ ಲೆಕ್ಕ. ನಾನಂತೂ ನೆಗಡಿಯಲ್ಲಿ ರುಚಿ ತಿಳಿಯದೆ ಮೊಸರು ಹಚ್ಚಿಕೊಂಡು ಆಗಲೇ ಗಡದ್ದಾಗಿ ತಿಂದಿದ್ದೆ. ಹೆಂಡತಿ ಒಂದು ತುತ್ತು ಬಾಯಿಗಿಟ್ಟಳು. ಇದಕ್ಕೆ ಏನು ಹಾಕಿದ್ದೀರಿ ಎಂದು ಮೆಲ್ಲಗೆ ಕೇಳಿದಳು.

"ಈ ಪುಣೆ ಮಂದಿ ಹಿಟ್ಟಿಗೂ ಚಂದನ ಹಾಕ್ತಾರ ನೋಡವಾ," ಅಂದಳು ಅವ್ವ. "ನಾನೂ ಎರಡು ತಿಂದೆ. ಗಂಟಲದಾಗ ಇಳಿಯೂದು ಸ್ವಲ್ಪ ತ್ರಾಸು, ಆದ್ರ ವಾಸನಿ ಚಲೋ ಅದ."

ಹೆಂಡತಿ ಎದ್ದು ಬಚ್ಚಲಿಗೆ ಹೋದಳು. ಅಲ್ಲಿದ್ದ ಪೊಟ್ಟಣ ಮೂಸಿ, ತಂದು ನಮ್ಮ ಮುಂದಿಟ್ಟಳು. ಜೀರಿಗೆ, ಕೊತ್ತಂಬರಿ ಬೀಜದ ಘಮ ಅವ್ವನ ಮೂಗಿಗೂ ಬಡಿಯಿತು. ಪಾಳಿಯ ಕತೆ ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಹೆಂಡತಿ ನಗು ತಡೆಯುತ್ತಲೇ ಅಂದಳು: "ಇರಲಿ ಬಿಡ್ರಿ ಅತ್ತೀ. ಮಕ್ಕಳನ್ನ ಇವರು ಹೊರಗ ತೊಳದ್ರು, ಇವರನ್ನ ನೀವು ಒಳಗ ತೊಳದ್ರಿ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸಿಟ್ಟೋ ನಗುವೋ ತಿಳಿಯಲಿಲ್ಲ. ಭುಜ ಮಾತ್ರ ಕುಣಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ತಟ್ಟೆಯನ್ನು ಅತ್ತ ಸರಿಸಿ ಸೊಸೆಯ ಹತ್ತಿರ ಜರುಗಿ ಕೂತಳು.

"ಇವಾ ಮಕ್ಕಳಿಗೆ ಎರೀತಾನಂತ ನಾ ಊರಾಗ ಯಾರ ಮುಂದೂ ಹೇಳೂದಿಲ್ಲ. ನಿನ್ನ ಪಾಳಿ ನೀ ನಡಸು. ಆದ್ರ ನಾ ಸೋಪು ಬೇಯಿಸಿ ಮಗಗ ಉಣಿಸಿದ್ದು ಮಾತ್ರ ಧಾರವಾಡ ಮುಟ್ಟಬಾರದು ನೋಡವಾ."