ಬಾಗಿಲು ತೆಗೆಯದೆ ಪೇಂಟ್ ಮಾಡ್ಲಿಕ್ಕೆ ಆಗ್ತದಾ?

ನಮ್ಮ ಮನೆಯಲ್ಲಿ ಯಾವ ಕೆಲಸವೂ ಬರೀ ಆ ಕೆಲಸವಾಗಿ ಮುಗಿಯುವುದಿಲ್ಲ. ಬಲ್ಬ್ ಹಾಕಲು ಸ್ಟೂಲ್ ಹತ್ತಿದ ಅಪ್ಪ ಕೆಳಗಿಳಿಯುವಷ್ಟರಲ್ಲಿ, ಆ ಸ್ಟೂಲ್ ನಿಜಕ್ಕೂ ಯಾರ ಮನೆಯದು ಎಂಬ ಚರ್ಚೆ ಶುರುವಾಗಿರುತ್ತದೆ. ಹಾಗಿರುವಾಗ ಅಡುಗೆಮನೆಯ ಕಪಾಟಿಗೆ ಬಣ್ಣ ಹೊಡೆಯುವ ಕೆಲಸ ಬಣ್ಣ ಒಣಗಿದ ಕೂಡಲೇ ಮುಗಿಯುತ್ತದೆ ಎಂದು ನಾನು ನಂಬಬಾರದಿತ್ತು. ನಾನು ಓದಿದ್ದು ಕೆಮಿಸ್ಟ್ರಿ, ಕೆಲಸ ನೀರು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ. ಬಣ್ಣದ ಬಗ್ಗೆ ನನಗೆ ಗೊತ್ತಿತ್ತು. ಕಪಾಟಿನ ಬಗ್ಗೆ ಗೊತ್ತಿರಲಿಲ್ಲ.

ಮಾಡ್ಯುಲರ್

ಕಾವೂರಿನ ನಮ್ಮ ಬೀದಿಯ ಒಂದೆರಡು ಮನೆಗೆ ಮಾಡ್ಯುಲರ್ ಕಿಚನ್ ಬಂದ ಮೇಲೆ ಅಮ್ಮನಿಗೆ ನಮ್ಮ ಅಡುಗೆಮನೆ ಕಣ್ಣಿಗೆ ಚುಚ್ಚತೊಡಗಿತು. ಕಿಚನ್ ಕಂಪೆನಿಯವರೊಬ್ಬರು ಬಂದು ಅಳತೆ ತೆಗೆದರು. ಅಮ್ಮ ಚಾ ಮಾಡಲು ನೀರಿಟ್ಟರು. ಅವರು ಲ್ಯಾಪ್‌ಟಾಪ್ ತೆರೆದು, ಒಟ್ಟು ಎಷ್ಟಾಗುತ್ತದೆ ಎಂದು ಹೇಳಿದರು. ಅಮ್ಮ ಒಳಗೆ ಹೋಗಿ ಗ್ಯಾಸ್ ಆರಿಸಿದರು.

ಅವರು ಹೋದ ಮೇಲೆ ನಾನು ಹೇಳಿದೆ: "ಬಣ್ಣ ಹೊಡೆದ್ರೆ ಸಾಕಮ್ಮ. ಮರ ಗಟ್ಟಿ ಉಂಟು. ಉಜ್ಜಿ, ಪ್ರೈಮರ್ ಕೊಟ್ಟು, ಎನಾಮಲ್ ಹೊಡೆಯುವುದು. ಹಿಡಿಕೆ ಮಾತ್ರ ಹೊಸದು ಹಾಕುವುದು. ಎಲ್ಲ ಮನೆಯಲ್ಲೇ ಆಗ್ತದೆ."

ಅಪ್ಪ ಕೂಡಲೇ ಒಪ್ಪಿದರು. ಖರ್ಚು ಕಡಿಮೆ ಎಂದಾದರೆ ಅಪ್ಪ ಯಾವಾಗಲೂ ವಿಜ್ಞಾನದ ಪರ. ಅಮ್ಮನೂ ತಲೆಯಾಡಿಸಿದರು.

"ಮೊದಲು ಬಾಗಿಲು ಎಲ್ಲ ಬಿಚ್ಚಬೇಕು."

ಆಡುತ್ತಿದ್ದ ತಲೆ ನಿಂತಿತು. "ಬಾಗಿಲು ತೆಗೆಯದೆ ಪೇಂಟ್ ಮಾಡ್ಲಿಕ್ಕೆ ಆಗ್ತದಾ?"

"ಇಲ್ಲಮ್ಮ. ಬಿಜಾಗರಿ ಹತ್ತಿರ ಬಣ್ಣ ಸರಿ ಕೂರುವುದಿಲ್ಲ."

"ಕೂರದಿದ್ರೆ ನಿಲ್ಲಲಿ," ಎಂದರು ಅಮ್ಮ.

ಕೋಳಿ ಆಗುವುದಿಲ್ಲ, ಮೀನು ಆಗುವುದಿಲ್ಲ

ಅಮ್ಮನ ಆತಂಕದ ಕಾರಣ ಕೆಳಗಿನ ಕಪಾಟಿನಲ್ಲಿತ್ತು. ಒಂದು ಹಾಟ್‌ಬಾಕ್ಸ್. ದೊಡ್ಡದು, ಮೈಮೇಲೆ ಕೆಂಪು ಹೂ, ಮುಚ್ಚಳಕ್ಕೆ ಚಿನ್ನದ ಬಣ್ಣದ ಹಿಡಿ. ಆಚೆ ಮನೆಯ ಅಂಕಲ್ ದುಬೈಯಿಂದ ತಂದದ್ದು. ಕಳೆದ ವರ್ಷ ಈದ್ ಹಬ್ಬಕ್ಕೆ ಆಚೆ ಮನೆಯ ಆಂಟಿ ಅದರಲ್ಲಿ ನಮಗೆ ಬಿರಿಯಾನಿ ಕಳಿಸಿದ್ದರು. ಬಿರಿಯಾನಿ ಅವತ್ತೇ ಮುಗಿಯಿತು. ಹಾಟ್‌ಬಾಕ್ಸ್ ಉಳಿಯಿತು.

ಯಾರ ಪಾತ್ರೆಯನ್ನೂ ಖಾಲಿ ಹಿಂದೆ ಕೊಡುವ ಹಾಗಿಲ್ಲ. ಏನಾದರೂ ಹಾಕಿಯೇ ಕೊಡಬೇಕು. ಆದರೆ ಬಿರಿಯಾನಿಗೆ ಸಮನಾದದ್ದು ಏನು? ಅಮ್ಮ ಇದನ್ನು ವರ್ಷವಿಡೀ ಯೋಚಿಸಿದ್ದರು.

"ಕೋಳಿ ಕೊಡುವ ಅಂದ್ರೆ ಅವರಿಗೆ ಹಲಾಲ್ ಆಗ್ಬೇಕು. ಮೀನು ಕೊಡುವ ಅಂದ್ರೆ ಅವಳು ಹುಟ್ಟಿದ್ದೇ ಕಡಲ ಬದಿಯ ಬೆಂಗ್ರೆಯಲ್ಲಿ. ಬೆಂಗ್ರೆಯವಳಿಗೆ ನಾನು ಮೀನು ಕಳಿಸುವುದಾ? ಚಕ್ಕುಲಿ ಹಾಕಿದ್ರೆ ಅಷ್ಟು ದೊಡ್ಡ ಡಬ್ಬದಲ್ಲಿ ಗಡಗಡ ಅಲ್ಲಾಡ್ತದೆ."

ಇತ್ತ ಆಂಟಿಗೆ ಹಾಟ್‌ಬಾಕ್ಸ್ ಎಲ್ಲಿ ಹೋಯಿತೆಂದೇ ಗೊತ್ತಿಲ್ಲ. ಹಬ್ಬದ ದಿನ ಮನೆಮನೆಗೆ ಬಿರಿಯಾನಿ ಹಂಚಿದವರು ಅಂಕಲ್. ಯಾವ ಪಾತ್ರೆ ಯಾರಿಗೆ ಕೊಟ್ಟೆ ಎಂದು ಹೇಳದೆ ಅವರು ಮರುದಿನ ದುಬೈ ವಿಮಾನ ಹತ್ತಿದ್ದರು. ಫೋನಿನಲ್ಲಿ ಕೇಳಿದರೆ ಅವರಿಗೆ ನೆನಪಿಲ್ಲ. ಆಂಟಿ ತಾವೇ ಒಂದು ತೀರ್ಮಾನಕ್ಕೆ ಬಂದರು: ಹಾಟ್‌ಬಾಕ್ಸ್ ಇಟ್ಟುಕೊಂಡವಳು ಬೆಂಗ್ರೆಯಲ್ಲಿರುವ ತಮ್ಮನ ಹೆಂಡತಿ. ಕೇಳಿದರು. ಅವಳು ಇಲ್ಲವೆಂದಳು. ಇವರು ಸುಳ್ಳೆಂದರು. ಅಲ್ಲಿಂದ ಇಬ್ಬರಿಗೂ ಮಾತಿಲ್ಲ.

ಈಗ ಆಂಟಿಯ ಮಗಳ ನಿಶ್ಚಿತಾರ್ಥ ಹತ್ತಿರ ಬಂದಿತ್ತು. ತಮ್ಮನ ಹೆಂಡತಿಯನ್ನು ಕರೆಯುವುದಿಲ್ಲ ಎಂಬ ವಿಷಯವನ್ನು ಆಂಟಿ ಕಂಪೌಂಡ್ ಗೋಡೆಯಾಚೆಯಿಂದ ಹೇಳಿದ್ದು ಅಮ್ಮನಿಗೇ.

"ಹಾಟ್‌ಬಾಕ್ಸ್ ನುಂಗಿದವಳು ನಾಳೆ ಮದುಮಗಳ ಬಳೆ ನುಂಗ್ಲಿಕ್ಕಿಲ್ವಾ ಅಕ್ಕ?"

ಅಮ್ಮ ಒಣಗಿದ್ದ ಬಟ್ಟೆಯನ್ನೇ ತೆಗೆದು ಮತ್ತೊಮ್ಮೆ ಒಣಗಲು ಹಾಕಿದರು.

"ಪಾಪ, ಅವಳನ್ನು ದೂರುವುದು ಹೇಗೆ?" ಎಂದು ಅಮ್ಮ ಆಮೇಲೆ ನನ್ನಲ್ಲಿ ಆಂಟಿಯ ಪರ ವಹಿಸಿದರು. "ನಮ್ಮ ದೊಡ್ಡ ತೊಂದೂರು ಬಿಜೈ ಮಾಮಿ ಇಟ್ಟುಕೊಂಡಿಲ್ವಾ? ಹಾಗೇ ಇದೂ ಅಂತ ಎಣಿಸಿದ್ದಾಳೆ."

ತೊಂದೂರು ಎಂದರೆ ಇಡ್ಲಿ, ಕಡುಬು ಎಲ್ಲ ಹಬೆಯಲ್ಲಿ ಬೇಯಿಸುವ ಪಾತ್ರೆ. ನಮ್ಮ ದೊಡ್ಡ ತೊಂದೂರು ಕಾಣೆಯಾಗಿ ವರ್ಷವಾಗಿತ್ತು. ಬಿಜೈಯಲ್ಲಿರುವ ಸೋದರಮಾವನ ಹೆಂಡತಿಯ ಮೇಲೆ ಅಮ್ಮನಿಗೆ ಸಂಶಯವಲ್ಲ, ಖಚಿತ ನಂಬಿಕೆ.

"ಅವತ್ತೇ ಖಾಲಿ ಕೊಟ್ಟುಬಿಡಬಹುದಿತ್ತಲ್ಲ ಅಮ್ಮ?"

"ಖಾಲಿ ಕೊಟ್ಟಿದ್ರೆ ನಮ್ಮ ಬಗ್ಗೆ ಅವಳು ಎಂತ ಎಣಿಸ್ತಿದ್ಲು? ಈಗ ನೋಡು, ನಮ್ಮ ಬಗ್ಗೆ ಎಣಿಸುವುದೇ ಇಲ್ಲ."

ಕೊನೆಗೆ ಒಂದು ಒಪ್ಪಂದವಾಯಿತು. ಬಾಗಿಲು ಬಿಚ್ಚಬಹುದು. ಅವು ಪುನಃ ಕೂರುವ ತನಕ ಆಂಟಿ ನಮ್ಮ ಅಡುಗೆಮನೆಗೆ ಬರಬಾರದು.

ಶೇಡ್ ಕಾರ್ಡ್

ಬಣ್ಣ ಆರಿಸಲು ಬಿಜೈಯ ಪೇಂಟಿನಂಗಡಿಗೆ ಹೋದೆವು. ಅಂಗಡಿಯವರು ಶೇಡ್ ಕಾರ್ಡ್ ಹರಡಿದರು.

ಬಿಳಿ ತೋರಿಸಿದರು. "ಅರಶಿನ ಕಾಣ್ತದೆ," ಎಂದರು ಅಮ್ಮ. ಹಳದಿ ತೋರಿಸಿದರು. "ಮಸಿ ಕಾಣ್ತದೆ." ಕಡು ನೀಲಿ. "ಹಿಟ್ಟು ಕಾಣ್ತದೆ." ಬೂದಿ ಬಣ್ಣ. "ಎಣ್ಣೆ ಕೈ ಕಾಣ್ತದೆ."

"ಹಾಗಾದ್ರೆ ಮೇಡಂ ನಿಮಗೆ ಎಂತದು ಬೇಕು?"

"ಅರಶಿನ, ಮಸಿ, ಹಿಟ್ಟು, ಎಣ್ಣೆ ಯಾವುದು ತಾಗಿದ್ರೂ ಗೊತ್ತಾಗ್ಬಾರ್ದು. ಅಂಥದ್ದು."

ಅಂಗಡಿಯವರು ಶೇಡ್ ಕಾರ್ಡ್ ಮಡಚಿದರು. "ಈಗ ನಿಮ್ಮ ಕಪಾಟು ಯಾವ ಬಣ್ಣ ಉಂಟು?"

"ಅದನ್ನು ಇಂಥದ್ದೇ ಬಣ್ಣ ಅಂತ ಹೇಳ್ಲಿಕ್ಕೆ ಬರುವುದಿಲ್ಲ."

"ಅದೇ ಮೇಡಂ ನೀವು ಕೇಳುವ ಬಣ್ಣ. ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಮನೆಯಲ್ಲೇ ಆಗ್ಬೇಕು."

ತಿಳಿ ಹಸಿರು ತೆಗೆದುಕೊಂಡು ಬಂದೆವು.

ನಂಬರು

ನಮ್ಮ ಕಪಾಟಿನ ಬಾಗಿಲುಗಳು ನೋಡಲು ಒಂದೇ ತರ. ಆದರೆ ಹಿಂದೆ ಮಾಡಿದ ಆಚಾರಿ ಒಂದೊಂದನ್ನೂ ಅದರದರ ಜಾಗಕ್ಕೆ ಕೆತ್ತಿ ಕೂರಿಸಿದ್ದರು. ಒಂದರ ಬಾಗಿಲು ಇನ್ನೊಂದಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ನಾನು ಬಿಚ್ಚುವ ಮೊದಲು ಪ್ರತಿ ಬಾಗಿಲ ಹಿಂದೆ ಒಂದು ನಂಬರು ಬರೆದೆ. ಅದೇ ನಂಬರನ್ನು ಚೌಕಟ್ಟಿನ ಮೇಲೂ ಬರೆದೆ. ಒಂದೊಂದು ಬಾಗಿಲ ಸ್ಕ್ರೂಗಳನ್ನು ಒಂದೊಂದು ಲೋಟಕ್ಕೆ ಹಾಕಿ, ಲೋಟಕ್ಕೂ ನಂಬರು ಅಂಟಿಸಿದೆ. ಲ್ಯಾಬಿನಲ್ಲಿ ಸ್ಯಾಂಪಲ್ ಇಡುವುದು ಹೀಗೆಯೇ.

ನಾನು ಕೆಲಸಕ್ಕೆ ಹೋದೆ. ಉಜ್ಜುವ ಕೆಲಸ ಅಪ್ಪನದು. ಅಪ್ಪ ನಿವೃತ್ತರಾದ ಮೇಲೆ ಅವರ ಕೈಗೆ ಸಿಕ್ಕಿದ ಮೊದಲ ಗಂಭೀರ ಕೆಲಸ. ಸಂಜೆ ಬಂದು ನೋಡಿದರೆ ಬಾಗಿಲುಗಳು ಕನ್ನಡಿಯ ಹಾಗೆ ನುಣುಪಾಗಿದ್ದವು. ಮುಂದೆಯೂ, ಹಿಂದೆಯೂ.

"ಹಿಂದೆ ಬರೆದದ್ದು ಎಲ್ಲಿ ಅಪ್ಪ?"

"ಎಂತದೋ ಗೀಚಿತ್ತು ಮಾರಾಯ. ಹೋಗ್ಲಿಕ್ಕೆ ಬಹಳ ಕಷ್ಟ ಆಯ್ತು. ಆದ್ರೆ ನಾನು ಬಿಡ್ಲಿಲ್ಲ."

"ಚೌಕಟ್ಟಿನದ್ದು?"

"ಅದನ್ನೂ ಬಿಡ್ಲಿಲ್ಲ."

ಲೋಟಗಳಾದರೂ ಉಂಟಲ್ಲ ಎಂದು ತಿರುಗಿದೆ. ಅಮ್ಮ ಅವುಗಳಲ್ಲಿ ಚಾ ಹಿಡಿದು ಬರುತ್ತಿದ್ದರು.

ಬೆಂಗ್ರೆಯ ಮೂಗು

ಪ್ರೈಮರ್ ಹೊಡೆದ ದಿನ ಆಂಟಿ ಕರಿಬೇವಿನ ಎಲೆ ಕೇಳಿಕೊಂಡು ಹಿಂಬಾಗಿಲಿಗೆ ಬಂದರು. ಕಪಾಟು ಪೂರ್ತಿ ತೆರೆದಿತ್ತು. ಹಾಟ್‌ಬಾಕ್ಸಿನ ಕೆಂಪು ಹೂ ಬಾಗಿಲಿಗೇ ಕಾಣುವಂತಿತ್ತು.

ಅಮ್ಮ ಎಲೆಯ ಬದಲು ಇಡೀ ಗೆಲ್ಲನ್ನೇ ಮುರಿದು ಕೊಟ್ಟರು. "ಒಳಗೆ ಬರ್ಬೇಡಿ ಮಾರಾಯ್ತಿ. ಪೇಂಟಿನ ವಾಸನೆ. ತಲೆ ಸಿಡೀತದೆ."

"ಎಂತ ವಾಸನೆ ಅಕ್ಕ? ನಾನು ಒಣಮೀನಿನ ಮಧ್ಯೆ ಕೂತು ಪರೀಕ್ಷೆಗೆ ಓದಿದವಳು. ನಿಮ್ಮ ಪೇಂಟ್ ನನಗೆ ಎಂತ ಮಾಡ್ತದೆ?" ಆಂಟಿ ಆಗಲೇ ಚಪ್ಪಲಿ ಕಳಚುತ್ತಿದ್ದರು.

ನಾನು ಅಡ್ಡ ನಿಂತು, ಪ್ರೈಮರ್ ಯಾಕೆ ಬೇಕು ಎಂದು ವಿವರಿಸತೊಡಗಿದೆ. ಯಾರೂ ಕೇಳದ್ದನ್ನು ವಿವರಿಸುವುದು ವಿಜ್ಞಾನ ಓದಿದವರಿಗೆ ಕಷ್ಟವಲ್ಲ. ಮರದ ರಂಧ್ರಗಳ ವಿಷಯಕ್ಕೆ ಬರುವಷ್ಟರಲ್ಲಿ ಅಮ್ಮ ಒಳಗೆ ಹೋಗಿ, ಸೆರಗು ಸರಿಮಾಡಿಕೊಳ್ಳುತ್ತ ಖಾಲಿ ಕೈಯಲ್ಲಿ ಹೊರಗೆ ಬಂದಿದ್ದರು.

ಆಂಟಿ ಅಡುಗೆಮನೆಯ ಮಧ್ಯೆ ನಿಂತು ಸುತ್ತ ನೋಡಿದರು. "ಎಷ್ಟು ಚಂದ ಜೋಡಿಸಿ ಇಟ್ಟಿದ್ದೀರಿ ಅಕ್ಕ. ನಮ್ಮದು ತೆರೆದ್ರೆ ಎಲ್ಲ ಮೈಮೇಲೆ ಬೀಳ್ತದೆ." ಚಾ ಕುಡಿದರು. ತಮ್ಮನ ಹೆಂಡತಿಯನ್ನು ಬಯ್ದರು. ಗೆಲ್ಲು ಹಿಡಿದುಕೊಂಡು ಹೋದರು.

ಸಂಜೆ ಅಪ್ಪ ದೀಪ ಹಚ್ಚಲು ದೇವರ ಕೋಣೆಗೆ ಹೋದವರು ಬಾಗಿಲಲ್ಲೇ ನಿಂತು ಕೇಳಿದರು: "ಇವತ್ತು ಪ್ರಸಾದ ಬಿಸಿ ಇಡುವ ಕ್ರಮ ಉಂಟಾ?"

ಒಣಗುವುದು

ಬಣ್ಣ ಎಷ್ಟು ಹೊತ್ತಿನಲ್ಲಿ ಒಣಗುತ್ತದೆ ಎಂದು ಡಬ್ಬದ ಮೇಲೆ ಬರೆದಿತ್ತು. ಬರೆದವರು ಮಂಗಳೂರಿಗೆ ಬಂದವರಲ್ಲ. ಮಳೆಗಾಲದ ಕೊನೆಯಲ್ಲಿ ಇಲ್ಲಿ ಸ್ನಾನ ಮಾಡಿದ ಮನುಷ್ಯನೇ ಒಣಗುವುದಿಲ್ಲ. ಬಾಗಿಲುಗಳನ್ನು ಚಾವಡಿಯಲ್ಲಿ ಹಳೆಯ ಪೇಪರಿನ ಮೇಲೆ ಸಾಲಾಗಿ ಮಲಗಿಸಿ ಫ್ಯಾನ್ ಹಾಕಿದೆವು. ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟ ಅಪ್ಪ ಬೀಸಣಿಗೆ ಹಿಡಿದು ಜಗಲಿಯಲ್ಲಿ ಕೂತರು.

ಎತ್ತುವಾಗ ಒಂದು ಬಾಗಿಲಿಗೆ ಪೇಪರ್ ಅಂಟಿಕೊಂಡಿತ್ತು. ಎಳೆದೆ. ಹರಿಯಿತು. ಉಳಿದದ್ದು ಶ್ರದ್ಧಾಂಜಲಿ ಪುಟದ ಒಂದು ಫೋಟೋ: ಯಾರೋ ಅಪರಿಚಿತ ಹಿರಿಯರು, ಕನ್ನಡಕ, ಸಣ್ಣ ನಗು.

"ತೆಗಿ ಮಗಾ ಅದನ್ನು," ಎಂದರು ಅಮ್ಮ. "ದಿನಾ ಸಕ್ಕರೆ ಡಬ್ಬಕ್ಕೆ ಕೈ ಹಾಕುವಾಗ ಇವರ ಮುಖ ನೋಡ್ಬೇಕಾ ನಾನು?"

"ಇರಲಿ ಬಿಡು," ಅಪ್ಪ ಜಗಲಿಯಿಂದ ಹೇಳಿದರು. "ಅಡುಗೆಮನೆಯಲ್ಲಿ ನಗುವವರು ಒಬ್ಬರಾದ್ರೂ ಬೇಕಲ್ಲ."

ಆ ಬಾಗಿಲನ್ನು ಮತ್ತೆ ಉಜ್ಜಲು ಅಪ್ಪನಿಗೇ ಕೊಟ್ಟರು.

ಖಾಲಿಯಾ?

ಯಾವ ಬಾಗಿಲು ಎಲ್ಲಿಗೆ ಎಂದು ಪತ್ತೆಮಾಡಲು ಒಂದು ಭಾನುವಾರ ಹಿಡಿಯಿತು. ಆದರೆ ಎಲ್ಲವೂ ಕೂತವು. ಅಡುಗೆಮನೆ ಹೊಸದಾಯಿತು. ಹಾಟ್‌ಬಾಕ್ಸ್ ದೇವರ ಕೋಣೆಯಿಂದ ತನ್ನ ಜಾಗಕ್ಕೆ ಮರಳಿತು. ಅಮ್ಮ ನಿಶ್ಚಿಂತರಾಗಬೇಕಿತ್ತು. ಆಗಲಿಲ್ಲ.

ಆಂಟಿ ನಿಶ್ಚಿತಾರ್ಥಕ್ಕೆ ಕರೆಯಲು ಬಂದು, ಯಾರ್ಯಾರನ್ನು ಕರೆದೆ ಎಂದು ಹೇಳಿದ್ದರು. ಬೆಂಗ್ರೆಯಿಂದ ತಮ್ಮ ಮಾತ್ರ, ಹೆಂಡತಿ ಇಲ್ಲ.

"ಹುಡುಗಿಯನ್ನು ಎತ್ತಿ ಆಡಿಸಿದವಳು ಮಾರಾಯ ಅವಳು," ಅಮ್ಮ ಹೊಸ ಬಾಗಿಲು ನೋಡುತ್ತ ಹೇಳಿದರು. "ಇದರ ಹಿಂದೆ ಇಷ್ಟು ದೊಡ್ಡ ಸುಳ್ಳು ಇಟ್ಕೊಂಡು ನಾನು ಅಲ್ಲಿ ಹೋಗಿ ಊಟ ಮಾಡುವುದು ಹೇಗೆ?"

ಮರುದಿನ ಅಮ್ಮ ಪತ್ರೊಡೆಗೆ ಕೂತರು. ಕೆಸುವಿನೆಲೆ ತಂದು, ಹಿಟ್ಟು ಸವರಿ, ಸುತ್ತಿ, ಸಣ್ಣ ಪಾತ್ರೆಯಲ್ಲಿ ಸ್ವಲ್ಪ ಸ್ವಲ್ಪವೇ ಬೇಯಿಸಿದರು. ಪ್ರತಿ ಸಲ ಮುಚ್ಚಳ ತೆಗೆದಾಗಲೂ, ದೊಡ್ಡ ತೊಂದೂರು ಇಟ್ಟುಕೊಂಡ ಬಿಜೈ ಮಾಮಿಗೆ ಒಂದು ಮಾತು. ಹಾಟ್‌ಬಾಕ್ಸ್ ತುಂಬಿತು. ಮುಚ್ಚಳವನ್ನು ಒತ್ತಿ ಕೂರಿಸಿ, ನನ್ನನ್ನು ಜೊತೆಗೆ ಕರೆದುಕೊಂಡು ಅಮ್ಮ ಆಚೆ ಮನೆಗೆ ನಡೆದರು.

ಆಂಟಿ ಬಾಗಿಲು ತೆರೆದರು. ಕಣ್ಣು ಹಾಟ್‌ಬಾಕ್ಸಿನ ಮೇಲೆ ನಿಂತಿತು.

"ನಿಮ್ಮದೇ," ಎಂದರು ಅಮ್ಮ. ಸ್ವರ ಸಣ್ಣದಾಗಿತ್ತು. "ನಮ್ಮ ಮನೆಯಲ್ಲೇ ಇತ್ತು. ಹಾಕಿ ಕೊಡ್ಲಿಕ್ಕೆ ಎಂತದೂ ಹೊಳೀಲಿಲ್ಲ. ನನ್ನನ್ನು ಎಷ್ಟು ಬೇಕಾದ್ರೂ ಬಯ್ಯಿರಿ. ಆದ್ರೆ ಬೆಂಗ್ರೆಗೆ ಫೋನ್ ಮಾಡಿ."

ಆಂಟಿ ಮುಚ್ಚಳ ತೆರೆದು ನೋಡಿದರು. ಮುಚ್ಚಿದರು. ಫೋನ್ ತೆಗೆದರು.

"ಹಾಂ, ನಾನೇ. ಹಾಟ್‌ಬಾಕ್ಸ್ ಸಿಕ್ಕಿತು. ಎಲ್ಲಿತ್ತು ಅಂತ ಕೇಳ್ಬೇಡ. ನಿಶ್ಚಿತಾರ್ಥದ ದಿನ ಬೆಳಿಗ್ಗೆಯೇ ಬಾ. ತೆಂಗಿನಕಾಯಿ ತುರೀಲಿಕ್ಕೆ ಜನ ಇಲ್ಲ."

ಅತ್ತ ಕಡೆಯಿಂದ ತುಂಬ ಹೊತ್ತು ಏನೇನೋ ಕೇಳಿಸಿತು. ಆಂಟಿ "ಹೌದು", "ಹೌದು", "ತಪ್ಪು ನಂದೇ" ಎನ್ನುತ್ತ ಕಣ್ಣೊರೆಸಿಕೊಂಡರು. ಅಮ್ಮನಿಗೆ ಮಾತ್ರ ಒಂದು ಬಯ್ಗುಳವೂ ಇಲ್ಲ. ನನಗೆ ಆಶ್ಚರ್ಯವಾಯಿತು.

ಫೋನ್ ಇಟ್ಟು ಆಂಟಿ ನನ್ನ ಕಡೆ ತಿರುಗಿದರು. "ಮಗಾ, ನಿಮ್ಮ ಅಡುಗೆಮನೆ ಚಂದ ಆಗಿದೆ. ನಮ್ಮ ಕಪಾಟಿಗೂ ಹಾಗೇ ಹೊಡೆದು ಕೊಡು. ಆದ್ರೆ... ಬಾಗಿಲು ತೆಗೆಯದೆ ಪೇಂಟ್ ಮಾಡ್ಲಿಕ್ಕೆ ಆಗ್ತದಾ?"

ಅಮ್ಮ ತಲೆಯೆತ್ತಿದರು. ಈ ಮಾತಿನ ಅರ್ಥ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೇರ ಆಂಟಿಯ ಅಡುಗೆಮನೆಗೆ ಹೋಗಿ ಕೆಳಗಿನ ಕಪಾಟು ತೆರೆದರು.

ನಮ್ಮ ದೊಡ್ಡ ತೊಂದೂರು.

"ಹಬ್ಬಕ್ಕೆ ಅಕ್ಕಿಯ ಪುಂಡಿ ಬೇಯಿಸ್ಲಿಕ್ಕೆ ತಂದದ್ದು ಅಕ್ಕ," ಆಂಟಿ ಹಿಂದೆಯೇ ಬಂದು ಹೇಳಿದರು. "ನೀವು ಮನೆಯಲ್ಲಿ ಇರ್ಲಿಲ್ಲ, ಇವನ ಅಪ್ಪ ಎತ್ತಿ ಕೊಟ್ರು, ಆಮೇಲೆ ಅವರೂ ಮರೆತ್ರು ಕಾಣ್ತದೆ. ಹಾಗೇ ಖಾಲಿ ಕೊಡುವುದು ಹೇಗೆ? ಅಷ್ಟು ದೊಡ್ಡದಕ್ಕೆ ಎಂತ ತುಂಬಿಸುವುದು? ಬಿರಿಯಾನಿ ಹಾಕುವ ಅಂದ್ರೆ ಇಡ್ಲಿ ಬೇಯಿಸುವ ಪಾತ್ರೆ."

"ಹೌದಲ್ಲ," ಎಂದರು ಅಮ್ಮ. ಅವರಿಗೆ ಅದು ಪೂರ್ತಿ ನ್ಯಾಯವಾಗಿ ಕಂಡಿತು. ಅಲ್ಲೇ ನಿಂತು ಬಿಜೈಗೆ ಫೋನ್ ಮಾಡಿದರು. "ತೊಂದೂರು ಸಿಕ್ಕಿತು ಮಾರಾಯ್ತಿ. ಎಲ್ಲಿ ಅಂತ ಕೇಳ್ಬೇಡ."

ಎಲ್ಲ ಸರಿಹೋಯಿತೆಂದು ನಾನು ಬಗ್ಗಿ ತೊಂದೂರು ಎತ್ತಿಕೊಂಡೆ.

"ಖಾಲಿಯಾ?" ಇಬ್ಬರೂ ಒಟ್ಟಿಗೆ ಕೇಳಿದರು.

ಇದ್ದಲ್ಲೇ ಇಟ್ಟೆ.

ನಿಶ್ಚಿತಾರ್ಥ ಚೆನ್ನಾಗಿ ಆಯಿತು. ಬೆಂಗ್ರೆಯವರು ಬೆಳಿಗ್ಗೆಯೇ ಬಂದು ಕಾಯಿ ತುರಿದರು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರೂ ಅವರೇ. ಮಂಡಿನೋವೆಂದು ಮನೆಯಲ್ಲೇ ಉಳಿದ ಅಪ್ಪನಿಗೆ ಆಂಟಿ ಬಿರಿಯಾನಿ ಕಳಿಸಿದರು. ತೊಂದೂರಿನಲ್ಲಿ ಬಿರಿಯಾನಿ ಕಳಿಸುವ ಹಾಗಿಲ್ಲವಲ್ಲ. ಹಾಟ್‌ಬಾಕ್ಸಿನಲ್ಲಿ ಬಂತು.

ಅಮ್ಮ ಅದನ್ನು ತೊಳೆದು, ಒರೆಸಿ, ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು.

"ಪತ್ರೊಡೆ ಮೊನ್ನೆಯಷ್ಟೇ ಕೊಟ್ಟಾಯ್ತಲ್ಲ," ಎಂದು ಹೇಳಿ, ಕೆಳಗಿನ ಕಪಾಟಿನಲ್ಲಿಟ್ಟು ತಿಳಿ ಹಸಿರು ಬಾಗಿಲು ಮುಚ್ಚಿದರು.